ಕಿರುಗುಟ್ಟದ ಬಾಗಿಲು

ರಾಯದುರ್ಗದ ಗುಡ್ಡದ ಬುಡದ ಟೆಂಟಿನಲ್ಲಿ ಆ ಹಿಂದಿ ಸಿನಿಮಾ ನೋಡಿ ಬಂದ ಮೇಲೆ ಜಯಣ್ಣನಿಗೆ ಬೇರೆ ಮಾತೇ ಬೇಡವಾಗಿತ್ತು.

ಎರಡನೇ ಮಹಾಯುದ್ಧ ಮುಗಿಯುತ್ತ ಬಂದಿದ್ದ ಕಾಲ. ಗುಡಿಬಂಡೆ ಪಕ್ಕದ ಹಳ್ಳಿಯಲ್ಲಿ ಅವನಿಗೆ ಕಡಲೆಕಾಯಿ ಹೊಲವೂ ಒಂದು ತುಂಡು ಹಿಪ್ಪುನೇರಳೆ ತೋಟವೂ ಇದ್ದವು. ತನ್ನ ಮನೆಯ ರೇಷ್ಮೆ ನೂಲಿನ ಜೊತೆಗೆ ಅಕ್ಕಪಕ್ಕದವರ ನೂಲನ್ನೂ ಗಂಟು ಕಟ್ಟಿಕೊಂಡು, ಪಾವಗಡ, ಕಲ್ಯಾಣದುರ್ಗದ ಮೇಲೆ ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸುಗಳಲ್ಲಿ ಕೆಮ್ಮುತ್ತ ಹೋಗಿ ರಾಯದುರ್ಗದ ನೇಕಾರ ಬೋರಪ್ಪನಿಗೆ ಕೊಟ್ಟು ಬರುತ್ತಿದ್ದ. ಒಂದು ಸಲ ಬೋರಪ್ಪನೇ ಕೈ ಹಿಡಿದು ಎಬ್ಬಿಸಿದ. "ಮಗ್ಗ ಎಲ್ಲೂ ಓಡಿ ಹೋಗಂಗಿಲ್ಲ, ಬರ್ರಿ. ಬಳ್ಳಾರಿಯಿಂದ ಪಿಚ್ಚರ್ ಬಂದೈತಿ. ಕಳ್ಳಂದು ಕತಿ. ನೀವು ನೋಡಾಕ ಬೇಕು."

ಕತೆ ದೊಡ್ಡದೇನಲ್ಲ. ಬ್ಯಾರಿಸ್ಟರೊಬ್ಬನ ಮನೆಯಿಂದ ಕಳ್ಳ ವಜ್ರದುಂಗುರ ಕದಿಯುತ್ತಾನೆ. ಕಳವಿನ ಆರೋಪ ಆ ಮನೆಯ ಅಡುಗೆಯವನ ತಲೆಗೆ ಬರುತ್ತದೆ. ಅದು ತಿಳಿದ ಕಳ್ಳ ಉಂಗುರವನ್ನು ಇದ್ದಲ್ಲೇ ಇಟ್ಟು ಬರಲು ಮತ್ತೆ ಆ ಮನೆಗೆ ನುಗ್ಗುತ್ತಾನೆ. ಕದಿಯುವಾಗ ಸಿಗದವನು ಹಿಂದಕ್ಕೆ ಇಡುವಾಗ ಸಿಕ್ಕಿಬೀಳುತ್ತಾನೆ. ಜಯಣ್ಣನಿಗೆ ಹಿಂದಿ ಬಾರದು. ಬೋರಪ್ಪನಿಗೆ ಬರುತ್ತಿದ್ದುದು ಸಂತೆಯ ಉರ್ದು. ಅವನು ಕಿವಿಯಲ್ಲಿ ಪಿಸುಗುಟ್ಟಿದ್ದು ಅರ್ಧ, ಇವನು ಊಹಿಸಿಕೊಂಡದ್ದು ಅರ್ಧ. ಆದರೂ ಕಳ್ಳನ ನಡಿಗೆ ಅವನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಎಷ್ಟೇ ಅಪಾಯ ಬಂದರೂ ಆ ಕಳ್ಳ ಓಡುತ್ತಿರಲಿಲ್ಲ. ಓಡುವವನನ್ನು ಊರೆಲ್ಲ ಹಿಡಿಯುತ್ತದೆ, ನಡೆಯುವವನಿಗೆ ದಾರಿ ಬಿಡುತ್ತದೆ ಎಂದು ಗೊತ್ತಿದ್ದವನಂತೆ ಪೊಲೀಸರ ನಡುವೆಯೇ ನಡೆದು ಹೋಗುತ್ತಿದ್ದ. ದೀಪದ ಬೆಳಕು ಅವನ ಅರ್ಧ ಮುಖದ ಮೇಲಷ್ಟೇ ಬೀಳುತ್ತಿತ್ತು. ಇನ್ನರ್ಧದಲ್ಲಿ ಏನಿದೆಯೋ ಎಂದು ಜಯಣ್ಣ ಮುಂದಕ್ಕೆ ಬಾಗಿ ಬಾಗಿ ನೋಡಿ, ಮುಂದೆ ಕೂತವನಿಂದ ಬೈಸಿಕೊಂಡ.

ಮುಂದಿನ ಸಲ ಹೋದಾಗ ಪಕ್ಕದ ಮನೆಯ ಲಕ್ಷ್ಮೀನರಸಪ್ಪನನ್ನೂ ಎಳೆದುಕೊಂಡು ಹೋಗಿ ಅದೇ ಸಿನಿಮಾವನ್ನು ಮತ್ತೆ ನೋಡಿದ. ಊರಿಗೆ ಬಂದವನು ಸೊಪ್ಪು ಕೊಯ್ಯುವಾಗ, ಬಾವಿಕಟ್ಟೆಯಲ್ಲಿ, ಜಗಲಿಯಲ್ಲಿ, ಕೇಳಿದವರಿಗೆಲ್ಲ ಅದನ್ನೇ ಹೇಳಿದ. ಹೇಳುವಾಗ ಕಳ್ಳನ ಹಾಗೇ ನಡೆದು ತೋರಿಸುತ್ತಿದ್ದ. ಅರ್ಥವಾಗದೆ ಉಳಿದ ಕಡೆ ತನ್ನದೇ ಒಂದೆರಡು ಮಾತು ಸೇರಿಸುತ್ತಿದ್ದ. ಕೇಳುವವರು ಬೇರೆಯಾದಂತೆ ಕತೆಯೂ ಒಂದಿಷ್ಟು ಬೇರೆಯಾಗುತ್ತಿತ್ತು. "ಜಯಣ್ಣನ ಕಳ್ಳ" ಊರ ಮಕ್ಕಳ ಬಾಯಲ್ಲೂ ಓಡಾಡಿದ.

ಆಮೇಲೆ ಊರಿನಲ್ಲಿ ನಿಜವಾಗಿಯೂ ಕಳವಾಯಿತು.

ಕಳವಾದದ್ದು ದೊಡ್ಡತಿಮ್ಮಪ್ಪನ ಮನೆಯಲ್ಲಿ. ಜಯಣ್ಣನ ಅಕ್ಕ ಚಿತ್ತಮ್ಮನನ್ನು ಕೊಟ್ಟಿದ್ದು ಅದೇ ಮನೆಗೆ, ದೊಡ್ಡತಿಮ್ಮಪ್ಪನ ತಮ್ಮನಿಗೆ. ಆ ತಮ್ಮ ಜ್ವರದಲ್ಲಿ ಸತ್ತ. ತಿಥಿ ಮುಗಿಯುತ್ತಲೇ ದೊಡ್ಡತಿಮ್ಮಪ್ಪ, "ನಾಕು ದಿನ ತವರಲ್ಲಿ ಇದ್ದು ಬಾರಮ್ಮ" ಎಂದು ಚಿತ್ತಮ್ಮನನ್ನು ಕಳಿಸಿದವನು ಮತ್ತೆ ಕರೆಸಲೇ ಇಲ್ಲ. ಅವಳು ತಮ್ಮನ ಮನೆಯ ಹಿಂದಿನ ಕೊಟ್ಟಡಿಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚಿ ಹಾಕುತ್ತ ಉಳಿದಳು.

ಆವತ್ತು ಊರೆಲ್ಲ ಕಡಲೆಕಾಯಿ ಕೀಳಲು ಹೊಲದಲ್ಲಿತ್ತು. ದೊಡ್ಡತಿಮ್ಮಪ್ಪನ ಮನೆಯಲ್ಲಿ ಇದ್ದವಳು ಅವನ ತಾಯಿ ಕಾಟಮ್ಮ ಒಬ್ಬಳೇ. ಮುದುಕಿಗೆ ಕಣ್ಣು ಹೋಗಿತ್ತು, ಕಿವಿ ಮಾತ್ರ ಬೆಕ್ಕಿನ ಕಿವಿ. ಮೇಲಾಗಿ ಆ ಮನೆಯ ಕೋಣೆ ಬಾಗಿಲು ತೆಗೆದರೆ ಬೀದಿಗೆಲ್ಲ ಕೇಳುವ ಹಾಗೆ ಕಿರುಗುಟ್ಟುತ್ತಿತ್ತು. ಸಂಜೆ ಕೋಣೆಗೆ ಹೋದ ದೊಡ್ಡತಿಮ್ಮಪ್ಪನ ಕಾಲು ಹೊಸ್ತಿಲಲ್ಲಿ ಜಾರಿತು. ಬಗ್ಗಿ ನೋಡಿದರೆ ಬಾಗಿಲ ತಿರುಗುಣಿಗೆ ಯಾರೋ ಹರಳೆಣ್ಣೆ ಬಿಟ್ಟಿದ್ದರು. ಪೆಟ್ಟಿಗೆಯೊಳಗಿದ್ದ ಕೊರಳಿನ ಚಿನ್ನದ ಅಡ್ಡಿಕೆ, ಸೊಂಟದ ಬೆಳ್ಳಿಯ ಡಾಬು ಇರಲಿಲ್ಲ. ಎರಡೂ ತನ್ನ ಹೆಂಡತಿಯವು ಎಂದು ಅವನು ಠಾಣೆಗೆ ಫಿರ್ಯಾದು ಕೊಟ್ಟ.

"ಏನೂ ಕೇಳ್ಸಲಿಲ್ಲ ಕಣಪ್ಪ" ಎಂದಳು ಕಾಟಮ್ಮ.

ಮರುದಿನದ ಹೊತ್ತಿಗೆ ಊರಿನ ಕಣ್ಣೆಲ್ಲ ಜಯಣ್ಣನ ಮೇಲೆ ತಿರುಗಿತ್ತು. ಅವನು ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಬಾವಿಕಟ್ಟೆಯಲ್ಲಿ ನರಸಕ್ಕ ತನ್ನ ಕೊಡವನ್ನು ಹತ್ತಿರಕ್ಕೆ ಎಳೆದುಕೊಂಡಳು, ಅವನು ಕೊಡ ಕದಿಯಲು ಬಂದವನೇನೋ ಎಂಬಂತೆ. ಮೊನ್ನೆಯವರೆಗೆ "ಇನ್ನೊಂದ್ಸಲ ಹೇಳು ಜಯಣ್ಣ" ಎನ್ನುತ್ತಿದ್ದವರೇ ಈಗ, "ಅಷ್ಟೆಲ್ಲ ಕಲಿತು ಬಂದವ್ನೆ, ಸುಮ್ಕೆ ಇರ್ತಾನಾ?" ಎಂದರು.

ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ಬಂದು ದೊಡ್ಡತಿಮ್ಮಪ್ಪನ ಅಂಗಳದಲ್ಲಿ ಮಂಚದ ಮೇಲೆ ಕೂತ. ಕಡಪಾ ಕಡೆಯವನು, ಕನ್ನಡ ಬರುತ್ತಿತ್ತು, ಗದರುವಾಗ ನಡುನಡುವೆ ತೆಲುಗು ನುಗ್ಗುತ್ತಿತ್ತು.

"ಏಮಯ್ಯಾ, ಸಿನಿಮಾಲು ಬಾಗಾ ಚೂಸ್ತಾವಂಟ? ಸಿನಿಮಾ ಬಹಳ ನೋಡ್ತೀಯಂತೆ? ಹೇಳು, ಆ ಕಳ್ಳ ಹೇಗೆ ಕದ್ದ?"

ಜಯಣ್ಣ ನಿಂತುಕೊಂಡೇ ಹೇಳತೊಡಗಿದ. ಎಂದೂ ತಡವರಿಸದವನು ಈಗ ಮಾತುಮಾತಿಗೂ ಎಡವಿದ. ಕಳ್ಳ ಹೊತ್ತು ನೋಡಿ ಬಂದ ಎಂದರೆ ಹೆಡ್ ಕಾನ್‌ಸ್ಟೇಬಲ್ ದೊಡ್ಡತಿಮ್ಮಪ್ಪನ ಮುಖ ನೋಡಿದ. ಮನೆಯ ಒಳಗೆಲ್ಲ ಕಳ್ಳನಿಗೆ ಗೊತ್ತಿತ್ತು ಎಂದಾಗ ಮೀಸೆ ಸವರಿಕೊಂಡ. ಪ್ರೀತಿಯಿಂದ ಹೇಳಿಕೊಂಡು ಬಂದ ಕತೆ ಈಗ ತನ್ನ ಕೊರಳಿಗೇ ಸುತ್ತಿಕೊಳ್ಳುತ್ತಿದೆ ಎಂದು ಜಯಣ್ಣನಿಗೆ ತಿಳಿಯುತ್ತಿತ್ತು, ನಿಲ್ಲಿಸುವಂತಿರಲಿಲ್ಲ.

"ಬಾಗಿಲಿಗೆ ಎಣ್ಣೆ?"

"ಅದು... ನೆನಪಿಲ್ಲ ಸ್ವಾಮಿ."

"ನಾಳೆ ಬರ್ತೀನಿ. ಅಷ್ಟರಲ್ಲಿ ನೆನಪಾಗಲಿ. ಆಗದಿದ್ದರೆ ಠಾಣೆಗೆ ಕರಕೊಂಡು ಹೋಗಿ ನೆನಪು ಮಾಡಿಸ್ತೀನಿ. ಊರು ಬಿಟ್ಟೀಯ, ಜೋಕೆ."

ಮನೆಗೆ ಬಂದರೆ ಹುಳದ ಕೋಣೆಯಲ್ಲಿ ಹೆಂಡತಿ ಆದಿಲಕ್ಷ್ಮಿ ಒಂದೊಂದೇ ತಟ್ಟೆ ಎತ್ತಿ ಅಡಿಯಲ್ಲಿ ಕೈಯಾಡಿಸಿ ನೋಡುತ್ತಿದ್ದಳು. ಗಂಡನನ್ನು ಕಂಡು ಕೈ ಹಿಂದಕ್ಕೆ ತೆಗೆದಳು.

"ಏನು ಹುಡುಕ್ತಿದ್ದೀಯ?"

"ಇರುವೆ ಬಂದವೇನೋ ಅಂತ ನೋಡ್ದೆ."

"ನೀನೂನಾ?"

ಅವಳು ತಲೆ ತಗ್ಗಿಸಲಿಲ್ಲ. "ನಿಮ್ಮಕ್ಕನ ಸಂಕಟ ನಿಮಗೆ ಗೊತ್ತಿತ್ತು. ಆ ಮನೆ ಮೇಲೆ ಸಿಟ್ಟಿತ್ತು. ನನಗೊಂದು ಮಾತು ಹೇಳ್ಬಿಡಿ, ಆಮೇಲೆ ಏನಾದ್ರೂ ಆಗ್ಲಿ." ಜಯಣ್ಣ ಆಣೆ ಇಟ್ಟ. ಅವಳು ಕೇಳಿಸಿಕೊಂಡಳು. ನಂಬಿದಳೋ ಇಲ್ಲವೋ, ಮುಖ ಹೇಳಲಿಲ್ಲ.

ತಾನಲ್ಲದಿದ್ದರೆ ಮತ್ತೆ ಯಾರು? ಆ ಸಿನಿಮಾ ನೋಡಿದವನು ಊರಿನಲ್ಲಿ ಇನ್ನೊಬ್ಬನೇ, ಲಕ್ಷ್ಮೀನರಸಪ್ಪ. ಕಡಲೆಕಾಯಿ ಕೀಳುವ ದಿನ ಹೊಟ್ಟೆನೋವು ಎಂದು ಅವನು ಹೊಲಕ್ಕೆ ಬಂದಿರಲಿಲ್ಲ. ಅದು ನೆನಪಾದ ಮೇಲೆ ಬೇರೆಯವೂ ಒಂದೊಂದಾಗಿ ನೆನಪಾದವು. ಟೆಂಟಿನಿಂದ ಹೊರಗೆ ಬರುವಾಗ ಅವನು ಸುಮ್ಮನಿದ್ದದ್ದು, ಮೊನ್ನೆ ದಾರಿಯಲ್ಲಿ ಸಿಕ್ಕರೂ ನಿಲ್ಲದೆ ಹೋದದ್ದು. ಅನುಮಾನಕ್ಕೆ ಒಂದು ಹನಿ ನೀರು ಬಿದ್ದರೆ ಸಾಕು, ಗರಿಕೆಯ ಹಾಗೆ ಎಲ್ಲ ಕಡೆ ಹಬ್ಬುತ್ತದೆ. ಜಯಣ್ಣ ಎದ್ದು ಪಕ್ಕದ ಹಿತ್ತಿಲಿಗೆ ಹೋದ. ಲಕ್ಷ್ಮೀನರಸಪ್ಪ ಗಾಡಿಯ ಅಚ್ಚಿಗೆ ಹರಳೆಣ್ಣೆ ಬಿಡುತ್ತ ಕೂತಿದ್ದ.

ಜಯಣ್ಣ ಎಣ್ಣೆಯ ಕುಡಿಕೆಯನ್ನೇ ನೋಡಿದ. "ಎಣ್ಣೆ ಚೆನ್ನಾಗಿ ಬಿಡ್ತೀಯ ಕಣಣ್ಣ. ಎಲ್ಲಿ ಕಲಿತೆ? ರಾಯದುರ್ಗದಾಗಾ?"

ಲಕ್ಷ್ಮೀನರಸಪ್ಪ ತಲೆ ಎತ್ತಿ ನೋಡಿದ. ಮಾತಿನ ಮುಳ್ಳು ನಾಟಿತು. ಎದ್ದು ನಿಂತ. "ಥೂ, ನಿನ್ನ ನಾಲಿಗೆಗೆ! ಗಾಡಿಗೆ ಎಣ್ಣೆ ಬಿಡದೆ ತುಪ್ಪ ಬಿಡ್ಲಾ? ಆ ಸಿನಿಮಾದಾಗೆ ಎಣ್ಣೆ ಎಲ್ಲಿತ್ತಲಾ? ಕಳ್ಳ ಬಾಗಿಲ ಹತ್ರ ನಿಂತ, ಆಮೇಲೆ ಆ ಮನೆ ಯಜಮಾನ ನಿದ್ದೆ ಮಾಡೋದು ತೋರಿಸಿದ್ರು, ಆಮೇಲೆ ಕಳ್ಳ ಒಳಗಿದ್ದ. ಅಷ್ಟೇ. ಎಣ್ಣೆನೂ ಇಲ್ಲ, ಸೀಗೆಪುಡೀನೂ ಇಲ್ಲ. ನೋಡ್ದವನು ನಾನು, ನನ್ನೇ ಕೇಳ್ತೀಯಾ?"

ಜಯಣ್ಣ ನಿಂತಲ್ಲೇ ನಿಂತ. ಲಕ್ಷ್ಮೀನರಸಪ್ಪ ಇನ್ನೂ ಬೈಯುತ್ತಿದ್ದ, ಇವನಿಗೆ ಕೇಳಿಸುತ್ತಿರಲಿಲ್ಲ. ಹೌದು, ಸಿನಿಮಾದಲ್ಲಿ ಎಣ್ಣೆ ಇರಲಿಲ್ಲ. ಎಣ್ಣೆ ತಾನೇ ಹಾಕಿದ್ದು, ಕತೆಯೊಳಗೆ. ಬಾವಿಕಟ್ಟೆಯಲ್ಲಿ ಹೇಳುವಾಗ ಹಾಕಿರಲಿಲ್ಲ, ಜಗಲಿಯಲ್ಲೂ ಇಲ್ಲ. ಒಬ್ಬಳಿಗೆ ಹೇಳುವಾಗ ಮಾತ್ರ ಹಾಕಿದ್ದ, ಅದೂ ಅವಳೇ ಕೇಳಿದ್ದಕ್ಕೆ. ಒಂದು ಮಧ್ಯಾಹ್ನ ಸೊಪ್ಪು ಹೆಚ್ಚುತ್ತ ಕೂತವಳು ಕತ್ತಿ ನಿಲ್ಲಿಸಿ, "ಅಲ್ವೋ, ಅಷ್ಟು ದೊಡ್ಡ ಬಾಗ್ಲು, ತಗೆದ್ರೆ ಕಿರ್ ಅನ್ನಲ್ವಾ?" ಎಂದಿದ್ದಳು. ಉತ್ತರ ಗೊತ್ತಿರದ ಜಯಣ್ಣ, "ಹರಳೆಣ್ಣೆ ಬಿಟ್ಟ ಕಣಕ್ಕ. ಒಂದು ಗಳಿಗೆ ಕಾದ. ಬಾಗ್ಲು ಬೆಣ್ಣೆ ಹಂಗೆ ಸರೀತು" ಎಂದಿದ್ದ.

ಹಿಂದಿನ ಕೊಟ್ಟಡಿಯ ಬಾಗಿಲಲ್ಲಿ ಚಿತ್ತಮ್ಮ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ತಮ್ಮನ ಮುಖ ನೋಡಿ ಮೊರ ಪಕ್ಕಕ್ಕಿಟ್ಟಳು.

"ಗೊತ್ತಾಯ್ತಾ?"

"ಅಕ್ಕಾ..."

"ಕಳ್ಳಿ ಅನ್ಬೇಡ. ಅಪ್ಪ ಮಾಡಿಸಿಕೊಟ್ಟಿದ್ದು ಅವು, ಎರಡು ಬೆಳೆ ಕೂಡಿಟ್ಟು. ಭಾವನ ಪೆಟ್ಟಿಗೇಲಿ ಅವರ ಹೆಂಡತಿ ಸರ, ಬಳೆ ಎಲ್ಲಾ ಇದ್ವು, ಮುಟ್ಟಲಿಲ್ಲ ನಾನು. ನನ್ನ ಒಡವೆ ವಾಪಸ್ ಕೊಡಿ ಅಂತ ಕೇಳಿ ಕೇಳಿ ಸಾಕಾಯ್ತು. ಪಂಚಾಯ್ತೀಲಿ ಕೇಳಿದ್ರೆ 'ಮನೆ ಸೊತ್ತು' ಅಂದ್ರು. ನಿನ್ನ ಕಳ್ಳ ಓಡಲ್ಲ, ನಡೀತಾನೆ ಅಂದಿದ್ದೆಯಲ್ಲ, ನಾನೂ ನಡೆದೇ ಹೋದೆ. ಬೀದೀಲಿ ನಾಯಿ ಕೂಡ ಬೊಗಳಲಿಲ್ಲ."

"ಕಾಟಮ್ಮಜ್ಜಿಗೆ ಕೇಳ್ಸಲಿಲ್ವಾ?"

ಚಿತ್ತಮ್ಮನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ಬಾಗ್ಲು ಸದ್ದು ಮಾಡಲಿಲ್ಲ. ಸೆರಗಲ್ಲಿ ಕಟ್ಕೊಂಡು ಹೊರಗೆ ಬಂದೆ. ಪಡಸಾಲೆ ದಾಟ್ತಿದ್ದೀನಿ, ಅತ್ತೆ ಮಲಗಿದ್ದಲ್ಲಿಂದಲೇ ಅಂದ್ರು, 'ಚಿತ್ತೀ, ಬಿಸ್ಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡ್ಕೊಂಡು ಹೋಗು' ಅಂತ. ನನ್ನ ಹೆಜ್ಜೆ ಮರೆತಿರಲಿಲ್ಲ ಅವರು. ಕುಡಿದೆ. ಲೋಟ ತೊಳೆದಿಟ್ಟು ಬಂದೆ."

ಜಯಣ್ಣ ಹೊಸ್ತಿಲ ಮೇಲೆ ಕೂತ. ಅಕ್ಕನನ್ನು ಹಿಡಿದುಕೊಟ್ಟರೆ ಬದುಕಿದ್ದೂ ಸತ್ತ ಹಾಗೆ. ಬಾಯಿ ಮುಚ್ಚಿದರೆ ನಾಳೆ ಠಾಣೆ. "ನೀನು ಸುಮ್ಮನಿರು. ಸಿನಿಮಾದಲ್ಲಿ ಎಣ್ಣೆ ಇತ್ತು ಅಂತೀನಿ. ನೋಡಿದವರು ರಾಯದುರ್ಗದ ತುಂಬ ಅವ್ರೆ, ಯಾರನ್ನ ಹಿಡೀತಾರೆ?"

"ಹಿಡಿಯೋದು ನಿನ್ನೇ. ಅಡುಗೆಯವನಿಗೋಸ್ಕರ ಬಂದ ಕಳ್ಳನ ಕತೆ ನನಗೆ ಹೇಳಿದೋನು ನೀನು. ಒಡಹುಟ್ಟಿದವನಿಗೋಸ್ಕರ ನಾನು ಬರಲ್ವಾ?"

ಮರುದಿನ ದೊಡ್ಡತಿಮ್ಮಪ್ಪನ ಅಂಗಳ ತುಂಬ ಜನ, ಮಂಚದ ಮೇಲೆ ಕಾಟಮ್ಮ. ಹೆಡ್ ಕಾನ್‌ಸ್ಟೇಬಲ್ ಜಯಣ್ಣನ ತೋಳಿಗೆ ಕೈ ಹಾಕುವುದಕ್ಕೂ ಚಿತ್ತಮ್ಮ ಬರುವುದಕ್ಕೂ ಸರಿಹೋಯಿತು. ಜನ ದಾರಿ ಬಿಟ್ಟರು. ಅವಳು ನೆಟ್ಟಗೆ ಹೋಗಿ ಅತ್ತೆಯ ಪಕ್ಕದಲ್ಲಿ ಕೂತು, ಸೆರಗು ಬಿಚ್ಚಿ, ಅಡ್ಡಿಕೆಯನ್ನೂ ಡಾಬನ್ನೂ ಮಂಚದ ಮೇಲಿಟ್ಟಳು.

"ನನ್ನ ತಮ್ಮನ್ನ ಬಿಡಿ ಸ್ವಾಮಿ. ತಗೊಂಡೋಳು ನಾನು."

"ನೋಡಿದ್ರಾ! ಅಕ್ಕ ತಮ್ಮ ಸೇರ್ಕೊಂಡು..." ದೊಡ್ಡತಿಮ್ಮಪ್ಪ ಕೂಗಿದ.

ಕಾಟಮ್ಮ ಕೈ ಚಾಚಿದಳು. ತಡವರಿಸಿ ಡಾಬು ಸಿಕ್ಕಿತು. ಅದರ ಮೇಲಿನ ಬಳ್ಳಿಯನ್ನು ಬೆರಳಿನಿಂದ ಸವರಿ ಹೇಳಿದಳು: "ಇದು ಅವಳಪ್ಪ ಮಾಡಿಸಿದ್ದು. ಮದುವೆ ದಿನ ಅವಳ ಸೊಂಟಕ್ಕೆ ಕಟ್ಟಿದ ಕೈ ಇದು. ತಗೊಂಡು ಹೋಗು ಅಂತ ನಾನೇ ಕೊಟ್ಟೆ. ಮನೆಗೆ ಹಿರಿಯಳು ನಾನಾ, ಇವನಾ?"

ಮುದುಕಿ ಕೊಟ್ಟಿರಲಿಲ್ಲ ಎಂದು ಜಯಣ್ಣನಿಗೆ ಗೊತ್ತು. ಹೆಡ್ ಕಾನ್‌ಸ್ಟೇಬಲ್‌ಗೂ ಅರೆಬರೆ ಗೊತ್ತಾಗಿರಬೇಕು, ಎಣ್ಣೆಯ ಹೊಸ್ತಿಲ ಕಡೆ ಒಮ್ಮೆ ನೋಡಿದ. ಆದರೆ ಕೇಳಿದ್ದು ದೊಡ್ಡತಿಮ್ಮಪ್ಪನನ್ನು.

"ನೀ ಭಾರ್ಯವಿ ಅನಿ ಕದಾ ಚೆಪ್ಪಿನಾವು? ಹೆಂಡತಿಯವು ಅಂದೆಯಲ್ಲ ನನ್ನ ಮುಂದೆ? ತಮ್ಮನ ಹೆಂಡತಿ ಒಡವೆ ನಿನ್ನ ಪೆಟ್ಟಿಗೇಲಿ ಯಾಕಿತ್ತು?"

ದೊಡ್ಡತಿಮ್ಮಪ್ಪ ಪಂಚೆಯ ಚುಂಗಿನಿಂದ ಕತ್ತು ಒರೆಸಿಕೊಂಡ. "ಜೋಪಾನಕ್ಕೆ ಇಟ್ಟಿದ್ದೆ" ಎಂದ. ಹಿಂದೆ ಯಾರೋ ಕಿಸಕ್ಕೆಂದರು. ಸುಳ್ಳು ಫಿರ್ಯಾದು ಕೊಟ್ಟದ್ದಕ್ಕೆ ಅವನನ್ನೇ ಎಳೆಯಬೇಕಾಗುತ್ತದೆ ಎಂದು ಗದರಿ, ಹೆಡ್ ಕಾನ್‌ಸ್ಟೇಬಲ್ ಪೇಟ ಸರಿಮಾಡಿಕೊಂಡು ಹೊರಟುಹೋದ.

ಚಿತ್ತಮ್ಮನ ಒಡವೆ ಚಿತ್ತಮ್ಮನಿಗೇ ಉಳಿದವು. ದೊಡ್ಡತಿಮ್ಮಪ್ಪ ತಾಯಿಯ ಜೊತೆ ಮಾತು ಬಿಟ್ಟ. ಲಕ್ಷ್ಮೀನರಸಪ್ಪ ಜಯಣ್ಣನ ಜೊತೆ ಮಾತು ಬಿಟ್ಟ, ದೀಪಾವಳಿವರೆಗೂ ಸಿಟ್ಟು ಇಳಿಯಲಿಲ್ಲ. ಊರಿನವರು ಏನೂ ಆಗದವರಂತೆ ಮತ್ತೆ ಕತೆ ಕೇಳಲು ಬಂದರು. ಜಯಣ್ಣನಿಗೆ ಹೇಳುವ ಮನಸ್ಸಾಗಲಿಲ್ಲ. ಎದುರಿಗೆ ಕೂತವರ ಮುಖದಲ್ಲಿ ಯಾರು ಏನನ್ನು ಹೆಕ್ಕಿಕೊಳ್ಳುತ್ತಿದ್ದಾರೋ ಎಂದು ನೋಡುವುದೇ ಆಗುತ್ತಿತ್ತು. ಸಿನಿಮಾದ ಮೇಲಿನ ಪ್ರೀತಿ ಮಾತ್ರ ತಗ್ಗಲಿಲ್ಲ. ಒಬ್ಬನೇ ತೋಟದಲ್ಲಿದ್ದಾಗ ಅದನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ನೋಡಿಕೊಳ್ಳುತ್ತಿದ್ದ.

ನೋವು ಉಳಿದದ್ದು ಮನೆಯೊಳಗೆ. ಆದಿಲಕ್ಷ್ಮಿ ತಟ್ಟೆ ಎತ್ತಿ ಹುಡುಕಿದ್ದನ್ನು ಅವನು ಮರೆಯಲಾರದೆ ಹೋದ. ಅವಳೂ ಆ ಮಾತು ಎತ್ತಲಿಲ್ಲ. ಬಡಿಸುತ್ತಿದ್ದಳು, ಉಣ್ಣುತ್ತಿದ್ದ.

ಗೂಡು ಬಿಚ್ಚಿ ನೂಲು ತಯಾರಾಯಿತು. ರಾಯದುರ್ಗಕ್ಕೆ ಹೊರಡುವ ಬೆಳಿಗ್ಗೆ ಅವನು ಗಂಟು ಹೆಗಲಿಗೇರಿಸಿ ಬಾಗಿಲಿಗೆ ಬಂದರೆ, ಆದಿಲಕ್ಷ್ಮಿ ಮದುವೆಯ ಸೀರೆ ಉಟ್ಟು ಇಬ್ಬರಿಗಾಗುವಷ್ಟು ಬುತ್ತಿ ಹಿಡಿದು ನಿಂತಿದ್ದಳು.

"ಎಲ್ಲಿಗೆ?"

"ನಾನೂ ಬರ್ತೀನಿ. ಆ ಊರಲ್ಲಿ ನೀವು ಅದೇನು ನೋಡ್ತೀರೋ, ನನ್ನ ಕಣ್ಣಲ್ಲೇ ನೋಡ್ಬೇಕು."

ಇದು ಅನುಮಾನವೋ, ರಾಜಿಯೋ? ಜಯಣ್ಣ ಅವಳ ಮುಖವನ್ನೇ ನೋಡಿದ, ತಿಳಿಯಲಿಲ್ಲ. ಗಂಟನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, "ಬಸ್ಸಲ್ಲಿ ಹೊಗೆ ಬಲು ಜಾಸ್ತಿ. ಸೆರಗು ಮೂಗಿಗೆ ಇಟ್ಕೊ" ಎಂದು ಮುಂದೆ ನಡೆದ.