ಕುದುರೆಗಿಂತ ಮೊದಲು ಎಮಿಲ್‌ಗೆ

ಎಮಿಲ್ ಕೊವಾರಿಕ್ ತನ್ನ ಕುದುರೆ ರೋಸಿಗೆ ವರ್ಷ ತಪ್ಪದೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸುತ್ತಿದ್ದ. ತನಗೆ? ಸೈನ್ಯದಲ್ಲಿದ್ದಾಗ ಹಾಕಿಸಿಕೊಂಡದ್ದೇ ಕೊನೆ. ಅದಾಗಿ ಐವತ್ತು ವರ್ಷ ದಾಟಿತ್ತು. ನೆಬ್ರಾಸ್ಕದ ಗಂಡಸರೆಲ್ಲ ಇಂಥವರೇ ಎಂದು ಹೆಂಡತಿ ಲಿಬ್ಬಿ ಬಯ್ಯುತ್ತಿದ್ದುದರಲ್ಲಿ ಸುಳ್ಳೇನೂ ಇಲ್ಲ ಬಿಡಿ.

ಆ ಬೆಳಿಗ್ಗೆ ಲಾಯದಲ್ಲಿ ಲದ್ದಿ ಎತ್ತುವಾಗ ಕಬ್ಬಿಣದ ಹಲ್ಲಿನ ಕವೆಗೋಲಿನ ಮೊನೆ ಬೂಟು ತೂರಿ ಅವನ ಪಾದಕ್ಕೆ ಚುಚ್ಚಿತು. ಬಂದದ್ದು ಎರಡೇ ಹನಿ ರಕ್ತ. ಲಿಬ್ಬಿಗೆ ಮಾತ್ರ ಅಷ್ಟೇ ಸಾಕಿತ್ತು. ಅವಳು ಆರು ವರ್ಷದವಳಿದ್ದಾಗ ಚಿಕ್ಕಪ್ಪ ಇದೇ ರೋಗದಲ್ಲಿ ದವಡೆ ಕಚ್ಚಿಕೊಂಡು, ಬೆನ್ನು ಸೆಟೆದು ಸತ್ತದ್ದನ್ನು ಕಣ್ಣಾರೆ ಕಂಡಿದ್ದಳು. ಗಾಯವನ್ನು ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದಳು.

"ನಡಿ ಆಸ್ಪತ್ರೆಗೆ."

"ಹೊಸಾ ಕವೆಗೋಲು ಕಣೇ! ಫಳಫಳ ಹೊಳೀತಿದೆ. ಒಂದು ಚೂರು ತುಕ್ಕು ತೋರ್ಸು, ಈಗ್ಲೇ ಬರ್ತೀನಿ."

ಗಸಗಸೆ ಹೂರಣದ ಸಿಹಿ ಬನ್ನು, ಅವನ ಇಷ್ಟದ ಕೊಲಾಚಿ, ಬೇಯಿಸಿಕೊಡುತ್ತೇನೆಂದು ಆಸೆ ತೋರಿಸಿದಳು. ಮಹಾರಾಯ ಕೊಲಾಚಿಗೆ ಹೂಂ ಎಂದ, ಆಸ್ಪತ್ರೆಗೆ ಊಹೂಂ.

ಮಧ್ಯಾಹ್ನ ರೋಸಿಗೆ ಚುಚ್ಚುಮದ್ದು ಹಾಕಲು ಪಶುವೈದ್ಯೆ ಮಾರ್ಲಾ ಬಂದಳು. ಲಿಬ್ಬಿ ಅವಳನ್ನು ಬಾಗಿಲಲ್ಲೇ ತಡೆದು ಗಂಡನ ಮೇಲೆ ದೂರು ಹೇಳಿದಳು. ಮಾರ್ಲಾ ಲಾಯಕ್ಕೆ ಹೋಗಿ, ಎಮಿಲ್‌ನ ಎದುರೇ, ತೆಗೆದ ಸಿರಿಂಜನ್ನು ಮತ್ತೆ ಚೀಲಕ್ಕೇ ಸೇರಿಸಿದಳು.

"ಯಾಕೆ ಡಾಕ್ಟ್ರೇ, ಔಷಧಿ ಮರೆತ್ರಾ?" ಎಂದ ಎಮಿಲ್.

"ಇಲ್ಲ. ಕವೆಗೋಲು ಹೊಸದಂತೆ. ಅದರ ಮೊನೇಲಿ ಏನಿತ್ತು?"

"ಲದ್ದಿ. ಇನ್ನೇನಿರುತ್ತೆ, ಬೆಣ್ಣೇನಾ?"

"ಅದೇ ಮತ್ತೆ! ತುಕ್ಕಲ್ಲ ಎಮಿಲ್, ರೋಗಾಣು ಇರೋದು ಮಣ್ಣಲ್ಲಿ, ಲದ್ದೀಲಿ. ಆಳಕ್ಕೆ ಚುಚ್ಚಿ, ಮೇಲೆ ಬಾಯಿ ಮುಚ್ಕೊಂಡ ಗಾಯ ಅಂದ್ರೆ ಅದಕ್ಕೆ ಅರಮನೆ. ಒಳಗೆ ಗಾಳಿ ಆಡಲ್ವಲ್ಲ. ರೋಸಿಗೆ ಯಾಕೆ ವರ್ಷಾ ವರ್ಷಾ ಹಾಕಿಸ್ತೀರಿ?"

"ಪಾಪ, ಅದು ಮೂಕಪ್ರಾಣಿ!"

"ನೀವು ಬಾಯಿರೋ ಪ್ರಾಣಿ, ಅಷ್ಟೇ. ನೀವು ಹಾಕಿಸ್ಕೊಂಡು ಬರೋ ತನಕ ರೋಸಿಗೂ ಇಲ್ಲ."

ಎಮಿಲ್‌ನ ಮುಖ ಹುಳ್ಳಗಾಯಿತು. ತನ್ನ ಜೀವವನ್ನು ಪಣಕ್ಕಿಡುತ್ತಿದ್ದನೇನೋ, ರೋಸಿಯದನ್ನು ಇಡುವವನಲ್ಲ. ತೆಪ್ಪಗೆ ಹೋಗಿ ಟ್ರಕ್ ಹತ್ತಿದ. ಪಕ್ಕದಲ್ಲಿ ಕೂತ ಲಿಬ್ಬಿಗೆ ದಾರಿಯುದ್ದಕ್ಕೂ ಗೆದ್ದ ಖುಷಿ.

ಆಸ್ಪತ್ರೆಯಲ್ಲಿ ನರ್ಸ್ ಒಂದೇ ಕ್ಷಣದಲ್ಲಿ ಅವನ ತೋಳಿಗೆ ಚುಚ್ಚಿ ಮುಗಿಸಿದಳು. ಆಮೇಲೆ ಲಿಬ್ಬಿಯತ್ತ ತಿರುಗಿದಳು.

"ನೀವು ಕೊನೇ ಸಲ ಯಾವಾಗ ಹಾಕಿಸ್ಕೊಂಡ್ರಿ ಅಮ್ಮಾ?"

"ನಾನಾ?" ಲಿಬ್ಬಿ ತಡವರಿಸಿದಳು. ಅದೇ ಲದ್ದಿಯನ್ನು ಗುಲಾಬಿ ಗಿಡಗಳ ಬುಡಕ್ಕೆ ಬರಿಗೈಯಲ್ಲಿ ಹಾಕುವವಳು ಅವಳೇ. ಮುಳ್ಳು ಚುಚ್ಚದ ದಿನವಿಲ್ಲ. "ನಾನು... ಯಾವತ್ತೂ ಇಲ್ಲ."

ಇನ್ನೇನು ಎಮಿಲ್ ಆಡಿಕೊಂಡು ನಗುತ್ತಾನೆ ಎಂದುಕೊಂಡಳು. ಅವನು ನಗಲಿಲ್ಲ. ಮುಖದ ಬಣ್ಣವೇ ಇಳಿದಿತ್ತು.

"ಅರವತ್ತೈದು ವರ್ಷದಿಂದ ಈ ರೋಗಕ್ಕೆ ಹೆದರ್ತಿದ್ದೀಯಲ್ಲೇ! ಊರವರೆಲ್ಲರಿಗೋಸ್ಕರ ಹೆದರಿದೆ, ನಿನಗೋಸ್ಕರ ಒಂದಿನಾನೂ ಹೆದರಲಿಲ್ವಾ?"

"ಇವರಿಗೆ ಮೂರು ಸಲ ಹಾಕ್ಬೇಕು," ಎಂದಳು ನರ್ಸ್. "ಇವತ್ತು ಮೊದಲನೇದು."

"ಮೂರಾ!" ಲಿಬ್ಬಿ ಎದ್ದು ಬಾಗಿಲತ್ತ ನಡೆದಳು. ಎಮಿಲ್ ಕುಂಟುತ್ತಲೇ ಹೋಗಿ ಅಡ್ಡ ನಿಂತ.

"ಸೂಜಿ ಅಂದ್ರೆ ಭಯ ಕಣೋ," ಎಂದಳು ಅವಳು, ಕಣ್ಣು ತುಂಬಿಕೊಂಡು.

"ನಂಗೇನು ಕಮ್ಮೀನಾ? ಬೆಳಿಗ್ಗೆಯಿಂದ ಬೇರೆ ಯಾತಕ್ಕೆ ಅಷ್ಟು ವಾದ ಮಾಡ್ದೆ ಅಂದ್ಕೊಂಡೆ? ಬಾ, ನನ್ನ ಕೈ ಹಿಡ್ಕೋ."

ಲಿಬ್ಬಿ ಅಳುತ್ತಲೇ ನಕ್ಕುಬಿಟ್ಟಳು. ಬಂದು ಕೂತು ಅವನ ಕೈ ಹಿಡಿದಳು. ಇಬ್ಬರೂ ಒಟ್ಟಿಗೇ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು.