ತುಟಿ ಆಡಿಸುವವರು

ಕೊಡಿಗೇಹಳ್ಳಿ ಶಾಲೆಯ ಏಳನೇ ತರಗತಿಯ ಪಾಠ ಊರಿಗೆಲ್ಲ ಕೇಳಿಸುತ್ತಿತ್ತು. ಬಾವಿಯಲ್ಲಿ ನೀರು ಸೇದುವ ಹೆಂಗಸರಿಗೂ, ರೈಲು ಹಳಿಯ ಆಚೆ ದನ ಮೇಯಿಸುವವರಿಗೂ ಹನ್ನೊಂದು ಗಂಟೆಯಾಯಿತೆಂದು ತಿಳಿಯುತ್ತಿದ್ದುದೇ ಅದರಿಂದ. "ಛೇದ ಸಮ ಮಾಡು, ಅಂಶ ಕೂಡು!" ಎಂದು ಮೂವತ್ತೆಂಟು ಮಕ್ಕಳು ಒಂದೇ ಉಸಿರಿಗೆ ಕೂಗುತ್ತಿದ್ದರು. ಕೂಗು ನಿಂತ ಮೇಲೆ ರಾಮಕೃಷ್ಣಪ್ಪ ಮೇಷ್ಟ್ರು, "ಗೊತ್ತಾಯ್ತೇನ್ರೋ?" ಎನ್ನುತ್ತಿದ್ದರು. "ಗೊತ್ತಾಯ್ತು ಸಾ!" ಎಂದು ಹೆಂಚು ಹಾರಿಹೋಗುವ ಹಾಗೆ ಉತ್ತರ ಬರುತ್ತಿತ್ತು. ಅಷ್ಟಾದರೆ ಆ ದಿನದ ಲೆಕ್ಕ ಮುಗಿದಂತೆ.

ಮೇಷ್ಟ್ರು ಕೆಟ್ಟವರಲ್ಲ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲ, ಕೋಲು ಎತ್ತಿದ್ದೂ ಕಡಿಮೆ. ಐದರಿಂದ ಏಳನೇ ತರಗತಿಯವರೆಗೆ ಲೆಕ್ಕದ ಪಾಠವೆಲ್ಲ ಅವರದೇ. ಆದರೆ ಆ ಒಕ್ಕೊರಲ ಕೂಗಿನ ಮೇಲೆ ಅವರಿಗೆ ವಿಪರೀತ ಮೋಹ. ಎರಡು ವರ್ಷದ ಹಿಂದೆ ಇನ್ಸ್‌ಪೆಕ್ಟರು ಬಂದಾಗ, ಹಿಂದಿನ ಸಾಲಿನವರು ತಪ್ಪು ಕೂಗಿ ಎಲ್ಲಿ ಮಾನ ಕಳೆಯುತ್ತಾರೋ ಎಂದು ಹೆದರಿ ಮೊದಲೇ ಒಂದು ಉಪಾಯ ಹೇಳಿಕೊಟ್ಟಿದ್ದರು. "ಬರದೇ ಇರೋರು ಸುಮ್ನೆ ತುಟಿ ಆಡಿಸಿ. ದನಿ ತೆಗೀಬೇಡಿ." ಇನ್ಸ್‌ಪೆಕ್ಟರು ತಲೆದೂಗಿ, ಪುಸ್ತಕದಲ್ಲಿ ನಾಲ್ಕು ಒಳ್ಳೆಯ ಮಾತು ಬರೆದು ಹೋದರು. ಮೇಷ್ಟ್ರು ಆ ಉಪಾಯವನ್ನು ಮರೆತೇಬಿಟ್ಟರು. ಮಕ್ಕಳು ಮರೆಯಲಿಲ್ಲ.

ಅರವತ್ತಮೂರರ ಕಾರ್ತಿಕದಲ್ಲಿ ಸೊಣ್ಣಮ್ಮ ಶಾಲೆಗೆ ಬರುವುದು ನಿಂತಿತು. ಚಿಕ್ಕಬೈರಪ್ಪನ ಮಗಳು, ಹದಿಮೂರು ತುಂಬಿತ್ತು. ಮೈನೆರೆದಳೆಂದು ಸೋದರಮಾವ ಬಂದು ಸೊಪ್ಪಿನ ಗುಡ್ಲು ಹಾಕಿದ, ಆರತಿ ಆಯಿತು, ಬಂದವರೆಲ್ಲ ಉಂಡು ಹೋದರು. ಅವಳ ಚೀಲ ಅಟ್ಟಕ್ಕೆ ಹೋಯಿತು. ಆ ಊರಿನಲ್ಲಿ ಅದುವರೆಗೆ ಯಾವ ಹುಡುಗಿಯ ಚೀಲವೂ ಅಟ್ಟದಿಂದ ಕೆಳಗೆ ಬಂದದ್ದಿಲ್ಲ.

ಮೇಷ್ಟ್ರು ಮನೆಗೆ ಹೋಗಿ ಕೇಳಿದರು. ಚಿಕ್ಕಬೈರಪ್ಪ ಜಗಲಿಯ ಮೇಲೆ ಚಾಪೆ ಹಾಕಿಸಿ ಕೂರಿಸಿದ.

"ಮೇಷ್ಟ್ರೆ, ನಾನು ಓದು ಬ್ಯಾಡ ಅನ್ನೋನಲ್ಲ. ಅಕ್ಷರ ಬರ್ದೆ ಎಲ್ಲೆಲ್ಲೋ ಎಬ್ಬೆಟ್ಟು ಒತ್ತಿ ಕೆಟ್ಟೋನು ನಾನು. ಆದ್ರೆ ವಯಸ್ಸಿಗ್ ಬಂದ ಎಣ್ಣು ದಿನಾ ಎರಡ್ ಸಲಿ ಅರಳಿಕಟ್ಟೆ ಮುಂದೆ ಓಡಾಡಿದ್ರೆ, ನಾಳೆ ಆಡ್ಕೊಳ್ಳೋರ ಬಾಯಿ ಮುಚ್ಚಾಕೆ ನೀವು ಬತ್ತೀರಾ?"

"ಹಾಗಾದ್ರೆ ಅವಳು ಬರೋದು ಬೇಡ ಬೈರಪ್ಪನೋರೆ. ಪಾಠವೇ ಮನೆಗೆ ಬರ್ಲಿ. ಮಾರ್ಚಿಯಲ್ಲಿ ಯಲಹಂಕದಲ್ಲಿ ಪಬ್ಲಿಕ್ ಪರೀಕ್ಷೆ. ಅದೊಂದು ಕೂತ್ಕೊಳ್ಳಲಿ."

ಚಿಕ್ಕಬೈರಪ್ಪ ಚಾಪೆಯ ತುದಿಗೆ ಬಂದು ಕೂತ. "ಅಬ್ಬಿಗೆರೆಯಿಂದ ಒಂದು ಸಂಬಂಧ ಕೇಳ್ತಾವ್ರೆ. ಇವ್ಳು ಪಾಸಾಗಂಗಿದ್ರೆ ಪರೀಕ್ಷೆ ಗಂಟ ಅವ್ರನ್ನ ನಿಲ್ಲಿಸ್ತೀನಿ. ಆಗಲ್ಲ ಅಂದ್ರೆ ಮಾತ್ರ ಮುಚ್ಚಿಡ್ದೆ ಏಳ್ಬುಡಿ. ಒಳ್ಳೆ ಜನ, ನೀರಾವರಿ ಭೂಮಿ ಐತೆ. ಸುಮ್ಕೆ ಕಳ್ಕೊಳ್ಳಾಕೆ ನಾನು ಒಲ್ಲೆ."

ಪಾಠವನ್ನು ಮನೆಗೆ ಸಾಗಿಸಿದವಳು ಮೊಸರಿನ ಗೋಪಾಲಮ್ಮ. ಶಾಲೆಯ ಓಣಿಗೂ ಚಿಕ್ಕಬೈರಪ್ಪನ ಬೀದಿಗೂ ದಿನಾ ಮನೆಮನೆಗೆ ವರ್ತನೆ ಹಾಕುತ್ತಿದ್ದಳು. ಮೇಷ್ಟ್ರು ಸ್ಲೇಟಿನ ಒಂದು ಮಗ್ಗುಲಲ್ಲಿ ಒಂದು ಲೆಕ್ಕ ಮಾಡಿ ತೋರಿಸಿ, ಇನ್ನೊಂದು ಮಗ್ಗುಲಲ್ಲಿ ಪುಸ್ತಕದಿಂದ ಅದೇ ಜಾತಿಯ ಲೆಕ್ಕ ಕೊಟ್ಟು, ಕೊನೆಗೆ "ಗೊತ್ತಾಯ್ತೆ?" ಎಂದು ಬರೆದು ಕೊಡುತ್ತಿದ್ದರು. ಗೋಪಾಲಮ್ಮ ಅದನ್ನು ಮಡಕೆಯ ಬಾಯಿಗೆ ಮುಚ್ಚಿಕೊಂಡು, "ನಿಮ್ ಲೆಕ್ಕ ಮೊಸರಿಗೆ ಬಿದ್ದು ಉಳಿ ಆದ್ರೆ ನನ್ನನ್ ಕೇಳ್ಬೇಡಿ ಮೇಷ್ಟ್ರೆ" ಎಂದು ನಗುತ್ತ ಹೋಗುತ್ತಿದ್ದಳು. ಮರುದಿನ ಸ್ಲೇಟು ವಾಪಸಾಗುತ್ತಿತ್ತು. ಮುದ್ದಾದ ಅಕ್ಷರ, ಸರಿಯಾದ ಉತ್ತರ, ಕೆಳಗೆ "ಗೊತ್ತಾಯ್ತು ಸಾರ್". ಎರಡು ತಿಂಗಳಲ್ಲಿ ಒಂದು ಉತ್ತರವೂ ತಪ್ಪಲಿಲ್ಲ. ಇಷ್ಟು ವರ್ಷ ಹಿಂದಿನ ಸಾಲಿನಲ್ಲಿ ಮೂಕಿಯಂತೆ ಕೂತಿದ್ದ ಹುಡುಗಿ ಇವಳೇನಾ ಎಂದು ಮೇಷ್ಟ್ರಿಗೆ ಹೆಮ್ಮೆ. ಅನುಮಾನ ಪಡಬೇಕಾದ ಕಡೆ ಹೆಮ್ಮೆ ಪಟ್ಟದ್ದು ಅವರ ದಡ್ಡತನ.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ, ಒಂದು ಮಂಗಳವಾರ ಸಂಜೆ, ಪರೀಕ್ಷೆಯ ಅರ್ಜಿಗೆ ಹೆಬ್ಬೆಟ್ಟು ಹಾಕಿಸಲು ಮೇಷ್ಟ್ರು ಚಿಕ್ಕಬೈರಪ್ಪನ ಮನೆಗೆ ಹೋದರು. ಅವನು ಇನ್ನೂ ತೋಟದಿಂದ ಬಂದಿರಲಿಲ್ಲ. ಅವನ ಹೆಂಡತಿ ಮುನಿವೆಂಕಟಮ್ಮ ನಡುಮನೆಯಲ್ಲಿ ಅವರೆಕಾಳು ಹಿದುಕುತ್ತಿದ್ದಳು. ಸೊಣ್ಣಮ್ಮ ಬಾಗಿಲ ಮರೆಯಲ್ಲಿ ನಿಂತಳು.

"ಬಾಮ್ಮ, ಒಂದು ಸಣ್ಣ ಲೆಕ್ಕ. ಅರ್ಧಕ್ಕೆ ಮೂರನೇ ಒಂದು ಕೂಡಿದ್ರೆ ಎಷ್ಟು?"

ಅವಳು ಸ್ಲೇಟಿನ ಮೇಲುಗಡೆ "ಛೇದ ಸಮ ಮಾಡು, ಅಂಶ ಕೂಡು" ಎಂದು ದುಂಡಗೆ ಬರೆದಳು. ಅದರಡಿ, ಮೇಲಿನ ಒಂದಕ್ಕೆ ಒಂದು, ಕೆಳಗಿನ ಎರಡಕ್ಕೆ ಮೂರು ಕೂಡಿಸಿ, ಐದನೇ ಎರಡು ಎಂದು ಬರೆದು ಸ್ಲೇಟು ಚಾಚಿದಳು.

"ಅರ್ಧಕ್ಕೆ ಇನ್ನಷ್ಟು ಸೇರಿಸಿದ್ರೆ ಅದು ಅರ್ಧಕ್ಕಿಂತ ಕಡಿಮೆ ಆಗುತ್ತೇನಮ್ಮ?"

"ಗೊತ್ತಾಯ್ತು ಸಾ."

"ಏನು ಗೊತ್ತಾಯ್ತು? ಛೇದ ಅಂದ್ರೆ ಏನು, ಹೇಳು."

ಸೊಣ್ಣಮ್ಮ ಮೇಲೆ ಬರೆದಿದ್ದ ಸಾಲಿಗೆ ಬೆರಳು ತೋರಿಸಿದಳು.

"ಇಷ್ಟು ದಿನ ಎಲ್ಲಾ ಸರಿಯಾಗೇ ಬರ್ತಿತ್ತಲ್ಲ?"

"ಪುಸ್ತಕದ ಕೊನೇಲಿ ಉತ್ತರ ಇರ್ತದೆ ಸಾ. ನಡುವಿನ ಸಾಲು ನಿಮ್ ಲೆಕ್ಕ ನೋಡ್ಕೊಂಡು ಬರೀತಿದ್ದೆ."

"ಮತ್ತೆ ಗೊತ್ತಾಯ್ತು ಅಂತ ಯಾಕೆ ಬರೆದೆ?"

"ಇನ್ನೇನ್ ಬರೀಬೇಕಿತ್ತು ಸಾ?" ಹುಡುಗಿಯ ದನಿಯಲ್ಲಿ ಎದುರುತ್ತರದ ಸುಳಿವೂ ಇರಲಿಲ್ಲ, ನಿಜವಾಗಿಯೇ ಕೇಳಿದಳು. "ಬರ್ದೇ ಇರೋರು ತುಟಿ ಆಡ್ಸಿ ಅಂತ ನೀವೇ ಏಳಿದ್ರಲ್ಲ. ಐದನೇ ಕ್ಲಾಸಿಂದ ಅಂಗೇ ಆಡಿಸ್ತಿದೀನಿ."

ಮೇಷ್ಟ್ರು ಅರ್ಜಿಯ ಕಾಗದ ಮಡಿಸಿ ಜೇಬಿಗಿಟ್ಟರು. ಎರಡು ವರ್ಷಕ್ಕೂ ಮೇಲೆ ಒಂದು ಮಗು ತನ್ನ ಕಣ್ಣೆದುರು ಕೂತು, ಹೇಳಿದಂತೆ ಕೇಳಿ, ಹೇಳಿದಂತೆ ಬಾಯಿ ಆಡಿಸಿ, ಏನೂ ಕಲಿಯದೆ ಎದ್ದುಹೋಗಿತ್ತು. ತಾನು ಅದನ್ನು ಒಂದು ದಿನವೂ ನೋಡಿರಲಿಲ್ಲ. ನಾಚಿಕೆಯಿಂದ ಅವರಿಗೆ ಮುನಿವೆಂಕಟಮ್ಮನ ಕಡೆ ತಿರುಗಲೂ ಆಗಲಿಲ್ಲ. ಅವಳು ಕಾಳು ಹಿದುಕುವುದನ್ನು ನಿಲ್ಲಿಸಿದ್ದಳು.

ಅಷ್ಟರಲ್ಲಿ ಚಿಕ್ಕಬೈರಪ್ಪ ಬಂದ. ಕಾಲು ತೊಳೆದು, ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತ, "ಒಳ್ಳೆ ಒತ್ತಿಗೆ ಬಂದ್ರಿ ಮೇಷ್ಟ್ರೆ. ಭಾನುವಾರ ಅಬ್ಬಿಗೆರೆಯೋರು ಬತ್ತೀವಿ ಅಂತ ಏಳಿ ಕಳ್ಸವ್ರೆ. ನಮ್ಮುಡುಗಿ ಪಾಸಾಗ್ತಾಳೆ ಅಂತ ನೀವೊಂದ್ ಮಾತು ಅಂದ್ರೆ, ಬೆಳಗ್ಗೇನೇ ಬ್ಯಾಡ ಅಂತ ಏಳಿ ಕಳಿಸ್ತೀನಿ" ಎಂದ.

ಹೂಂ ಎಂದಿದ್ದರೆ ಮಾರ್ಚಿಯವರೆಗೆ ಹುಡುಗಿ ಬಚಾವು. ಸೊಣ್ಣಮ್ಮ ಬಾಗಿಲ ಮರೆಯಿಂದ ಮೇಷ್ಟ್ರ ಬಾಯನ್ನೇ ನೋಡುತ್ತಿದ್ದಳು. ಆ ಗಳಿಗೆಯಲ್ಲಿ ಸುಳ್ಳು ಹೇಳಿದ್ದರೂ ಅವರನ್ನು ಬೈಯಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

"ಈ ಮಾರ್ಚಿಗೆ ಆಗಲ್ಲ ಬೈರಪ್ಪನೋರೆ," ಎಂದರು. "ಅವಳಿಗೆ ಲೆಕ್ಕ ಬರಲ್ಲ. ತಪ್ಪು ಅವಳದಲ್ಲ. ನಾನು ಕಲಿಸಲೇ ಇಲ್ಲ. ಕೂಗಿಸಿದೆ, ಅಷ್ಟೇ."

ಚಿಕ್ಕಬೈರಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ಮುಖ ಕಪ್ಪಿಟ್ಟಿತು. "ಊರ್ಗೆಲ್ಲಾ ಕೇಳಂಗೆ ಕೂಗಿಸ್ತಿದ್ರಲ್ಲ ಮೇಷ್ಟ್ರೆ! ಬಾವಿ ಮೇಲೆ ಕಪಿಲೆ ಒಡೆಯೋವಾಗ ಎತ್ತು ನಿಲ್ಸಿ ಕೇಳ್ತಿದ್ದೆ ನಾನು. ನನ್ ಮಗಳ ದನೀನೂ ಅದ್ರಲ್ಲಿ ಐತೆ ಅಂದ್ಕೊಂಡು ಕೇಳ್ತಿದ್ದೆ."

ಮುನಿವೆಂಕಟಮ್ಮ, "ಇನ್ನೇನೈತೆ, ಅಬ್ಬಿಗೆರೆಯೋರು ಬರ್ಲಿ ಬುಡಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ನೆಮ್ಮದಿಯೇ ಹೆಚ್ಚಿತ್ತು. ಹೆಣ್ಣು ಹೆತ್ತವಳಿಗೆ ಅವಳದೇ ಭಯಗಳಿರುತ್ತವೆ.

"ಭಾನುವಾರಕ್ಕೆ ಇನ್ನೂ ನಾಲ್ಕು ಸಂಜೆ ಇದೆ," ಎಂದರು ಮೇಷ್ಟ್ರು. "ನನ್ನ ಮಾತು ನಂಬಬೇಡಿ. ನೀವೇ ಪರೀಕ್ಷೆ ಮಾಡಿ. ನಾನು ಅವಳಿಗೆ ಹೇಳಿಕೊಡ್ತೀನಿ, ಅವಳು ನಿಮಗೆ ಹೇಳಿಕೊಡ್ಲಿ. ನಿಮಗೆ ತಿಳಿದ್ರೆ ಅವಳಿಗೆ ಬಂತು ಅಂತ. ತಿಳೀಲಿಲ್ಲ ಅಂದ್ರೆ ಬರಲಿಲ್ಲ ಅಂತ."

"ನಂಗಾ? ಎಬ್ಬೆಟ್ಟಿನೋನ್ಗೆ?"

"ನಿಮಗೇ. ನೀವು ಸುಮ್ಮನೆ ಹೂಂಗುಟ್ಟೋರಲ್ಲ."

ಚಿಕ್ಕಬೈರಪ್ಪ ಮೇಷ್ಟ್ರ ಕೈಯಿಂದ ಸ್ಲೇಟು ತೆಗೆದುಕೊಂಡು ತಿರುಗಿಸಿ ನೋಡಿದ.

ಮರುದಿನ ಶಾಲೆಯಲ್ಲಿ ಮೇಷ್ಟ್ರು ಯಾರನ್ನೂ ಕೂಗಿಸಲಿಲ್ಲ. ಅದೇ ಅರ್ಧ, ಅದೇ ಮೂರನೇ ಒಂದು. ಅಕ್ಕಪಕ್ಕ ನೋಡದೆ ಬರೆಯಿರಿ, ನಾನು ಹೇಳಿದಾಗ ಎಲ್ಲರೂ ಒಟ್ಟಿಗೆ ಸ್ಲೇಟು ಎತ್ತಿ ನನ್ನ ಕಡೆ ಹಿಡಿಯಿರಿ ಎಂದರು. ಸ್ಲೇಟುಗಳು ಎದ್ದವು. ಮೇಷ್ಟ್ರು ಸಾಲು ಸಾಲಾಗಿ ನೋಡುತ್ತ ಹೋದರು. ಮೂವತ್ತೇಳು ಮಕ್ಕಳಲ್ಲಿ ಆರು ಜನರದು ಸರಿಯಿತ್ತು. ಉಳಿದವರು ಮೇಷ್ಟ್ರ ಮುಖ ನೋಡಿ ಹೆದರಿ ಸ್ಲೇಟು ಎದೆಗೆ ಒತ್ತಿಕೊಂಡರು. ಹೆಡ್‌ಮಾಸ್ತರು ಮುನಿರಾಮಯ್ಯ ಬಾಗಿಲಿಗೆ ಬಂದು, "ಏನ್ರೀ, ಹನ್ನೊಂದು ಹೊಡೆದ್ರೂ ನಿಮ್ ಕ್ಲಾಸಲ್ಲಿ ಸದ್ದಿಲ್ಲ, ಹುಷಾರಿಲ್ವಾ?" ಎಂದು ಕೇಳಿದರು. ಹುಷಾರಿಲ್ಲವೆಂದೇ ಮೇಷ್ಟ್ರು ಹೇಳಿದರು. ಆಮೇಲೆ ಕುರ್ಚಿ ಬಿಟ್ಟು ಹಿಂದಿನ ಸಾಲಿಗೆ ಹೋಗಿ ಮಕ್ಕಳ ನಡುವೆ ಮಣೆಯ ಮೇಲೆ ಕೂತು, ಮೊದಲಿನಿಂದ ಶುರು ಮಾಡಿದರು.

ಸಂಜೆ ಚಿಕ್ಕಬೈರಪ್ಪ ಜಗಲಿಯ ಮೇಲೆ ಕಾದಿದ್ದ. ಸೊಣ್ಣಮ್ಮ ಹೇಳಿಕೊಡಲು ಹೋಗಿ ಎರಡೇ ಮಾತಿಗೆ ತಡವರಿಸಿದಳು. ಅಪ್ಪ, "ಅದ್ಯಾಕೆ ಅಂಗೆ?" ಎಂದ. ಇನ್ಸ್‌ಪೆಕ್ಟರು ಎಂದೂ ಕೇಳದಿದ್ದ ಪ್ರಶ್ನೆ ಅದು. ಗುರುವಾರ ಸಂಜೆ ಅವನೇ ತನ್ನ ಲೆಕ್ಕ ತೆಗೆದ.

"ನಮ್ ಕಪಿಲೆ ಬಾವಿ ನೀರು ಅಗಲೊತ್ತಿನಲ್ಲಿ ಅರ್ಧ ನಂದು. ಮೂರ್ನೇ ಒಂದು ನನ್ ತಮ್ಮಂದು. ಉಳಿದಿದ್ದು ದೊಡ್ಡಪ್ಪನ ಮಕ್ಳದು. ಅವ್ರಿಗೆ ಎಷ್ಟು ಉಳೀತು, ಏಳು."

ಸೊಣ್ಣಮ್ಮ ಬೆರಳು ಮಡಿಸಿ ಎಣಿಸಿದಳು. "ಅಗಲಿಗೆ ಅನ್ನೆರಡು ಗಂಟೆ ಅಲ್ವೇನಪ್ಪ? ನಿಂದು ಆರು ಗಂಟೆ. ಚಿಕ್ಕಪ್ಪಂದು ನಾಕು. ಎರಡೂ ಸೇರಿ ಅತ್ತು ಗಂಟೆ. ಉಳಿದಿದ್ದು ಎರಡು." ಆಮೇಲೆ ಕಣ್ಣು ಅಗಲ ಮಾಡಿ ಮೇಷ್ಟ್ರ ಕಡೆ ತಿರುಗಿದಳು. "ಸಾ, ಗಂಟೆ ಲೆಕ್ಕಕ್ಕೆ ತಂದಿದ್ದಕ್ಕೇ ಕೂಡಾಕಾಯ್ತು. ಛೇದ ಸಮ ಮಾಡೋದು ಅಂದ್ರೆ ಇದೇನಾ?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

ಭಾನುವಾರ ಮಧ್ಯಾಹ್ನ ಅಬ್ಬಿಗೆರೆಯಿಂದ ಗಂಡಿನ ದೊಡ್ಡಪ್ಪ ದೊಡ್ಡಮುನಿಯಪ್ಪ ಮತ್ತಿಬ್ಬರು ಹಿರಿಯರು ಹಣ್ಣು ತಾಂಬೂಲದ ಸಮೇತ ಬಂದರು. ಜಗಲಿಯ ಮೇಲೆ ಅಪ್ಪನ ಎದುರು ಸ್ಲೇಟು ಹಿಡಿದು ಕೂತಿದ್ದ ಹುಡುಗಿ ಗಾಬರಿಯಿಂದ ಎದ್ದಳು. ಮುನಿವೆಂಕಟಮ್ಮ ಒಳಗಿನಿಂದ ಕೈಸನ್ನೆ ಮಾಡಿ ಕರೆದಳು. ಪಕ್ಕದಲ್ಲಿದ್ದ ಮೇಷ್ಟ್ರೂ ಹೊರಡಲು ಎದ್ದರು.

"ಕೂತ್ಕೊಳ್ಳಿ ಮೇಷ್ಟ್ರೆ. ನೀನೂ ಕೂತ್ಕೊಳ್ಳಮ್ಮ" ಎಂದ ಚಿಕ್ಕಬೈರಪ್ಪ. ಬಂದವರಿಗೆ ಚಾಪೆ ಹಾಸಿ, ನೀರು ಕೊಟ್ಟು, ಕೈ ಮುಗಿದ. "ಮುನಿಯಪ್ಪಣ್ಣ, ನಮ್ಮುಡುಗಿ ಈ ಸಲಿ ಪಾಸಾಗಲ್ಲ. ಮುಂದಿನ ವರ್ಷ ಮನೆಯಿಂದ್ಲೇ ಕಟ್ತಾಳೆ. ಅಲ್ಲಿ ಗಂಟ ಕಾಯ್ತೀರಾ?"

ದೊಡ್ಡಮುನಿಯಪ್ಪ ಒರಟನೇನಲ್ಲ, ನಿಧಾನವಾಗಿ ಮಾತಾಡಿದ. "ನಮ್ಮುಡುಗ ಐದ್ನೇ ಕ್ಲಾಸಿಗೇ ಬುಟ್ಟೋನು ಬೈರಪ್ಪ. ಎಂಡ್ತಿ ಏಳು ಪಾಸ್ ಮಾಡ್ಕೊಂಡು ಬಂದ್ರೆ ಮನೇಲಿ ಯಾರ ಮಾತು ನಡೀತದೆ, ನೀನೇ ಯೋಚ್ನೆ ಮಾಡು. ಮನೇಲಿ ಮುದುಕಿ ಅವ್ಳೆ, ಕಣ್ಮುಚ್ಚೋದ್ರೊಳಗೆ ಮದ್ವೆ ನೋಡ್ಬೇಕು ಅಂತಾಳೆ. ನಾವು ಕಾಯೋ ಸ್ಥಿತೀಲಿಲ್ಲ. ಇವತ್ತು ತಾಂಬೂಲ ಬದಲಾಯ್ಸಿದ್ರೆ ಆಯ್ತು. ಇಲ್ಲ ಅಂದ್ರೆ ಕೊಡಿಗೇಹಳ್ಳಿ ಕಡೆ ಮತ್ತೆ ಬರಲ್ಲ."

ಚಿಕ್ಕಬೈರಪ್ಪ ಹಣ್ಣಿನ ತಟ್ಟೆ ನೋಡಿದ, ಒಳಗೆ ನಿಂತ ಹೆಂಡತಿಯನ್ನು ನೋಡಿದ. "ಇವತ್ತು ಆಗಲ್ಲಣ್ಣ" ಎಂದ.

ಅವರು ತಟ್ಟೆ ಎತ್ತಿಕೊಂಡು ಹೋದರು. ಬೀದಿಯವರು ಬಾಗಿಲಿಗೆ ಬಂದು ನಿಂತು ನೋಡಿದರು. ಮುನಿವೆಂಕಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಇನ್ಯಾರು ಬತ್ತಾರೆ? ಬಂದೋರನ್ನ ವಾಪಸ್ ಕಳ್ಸಿದ ಮನೆಗೆ ಇನ್ಯಾರು ಬತ್ತಾರೆ?" ಎಂದು ಅತ್ತಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಚಿಕ್ಕಬೈರಪ್ಪ ಬಂದು ಮಗಳ ಎದುರು ಕೂತ.

"ಊಂ, ಮುಂದಿಂದು ಏಳು."

ಸೊಣ್ಣಮ್ಮ ಕಣ್ಣೊರೆಸಿಕೊಂಡು ಸ್ಲೇಟು ನೋಡಿದಳು. ತಾಯಿಯ ಅಳು ಕೇಳಿಸುತ್ತಲೇ ಇತ್ತು. ಈ ಹೊತ್ತಿನಲ್ಲಿ ಸುಮ್ಮನೆ ಏನಾದರೂ ಹೇಳಿ ಅಪ್ಪನನ್ನು ಸಮಾಧಾನ ಮಾಡಬಹುದಿತ್ತು. ಅವಳು ತಲೆ ಎತ್ತಿ, "ಇದು ನಂಗೆ ತಿಳೀಲಿಲ್ಲಪ್ಪ" ಎಂದಳು.

ಚಿಕ್ಕಬೈರಪ್ಪ ಮಗಳ ಪಕ್ಕಕ್ಕೆ ಸರಿದು, ಸ್ಲೇಟನ್ನು ಮೇಷ್ಟ್ರ ಕಡೆ ತಿರುಗಿಸಿಟ್ಟ.

"ನಮ್ಮಿಬ್ಬರಿಗೂ ತಿಳೀಲಿಲ್ಲ ಮೇಷ್ಟ್ರೆ. ಇನ್ನೊಂದ್ ಸಲಿ ಏಳಿ."