ನೂರ ಎಂಬತ್ತೇಳನೆಯ ಹಾಡು

ಡಿಸೆಂಬರ್ ಹತ್ತು, ಬುಧವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಐರಿನ್ ಗಂಡನ ಕೈಯಿಂದ ವಾಚು ಬಿಚ್ಚುತ್ತಿದ್ದಳು. ಸೂಟಿನ ಜೊತೆ ಅದೂ ಇರಲಿ ಎಂದು ಮಗಳು ಲವಿನಾ ಆಗಷ್ಟೇ ಕಟ್ಟಿದ್ದಳು. ಶವಾಗಾರದ ಥಂಡಿಗೆ ಸೆಟೆದ ಮಣಿಕಟ್ಟಿನಿಂದ ಬೆಲ್ಟು ಸುಲಭಕ್ಕೆ ಜಾರಲಿಲ್ಲ. ವಾಚಿನಲ್ಲಿ ಗಂಟೆ ಹನ್ನೊಂದು ಹತ್ತು.

“ಬಿಡು ಮಮ್ಮಿ. ಟೈಮ್ ಸರಿ ಮಾಡಿ ಕಟ್ಟುವ,” ಎಂದಳು ಲವಿನಾ.

“ಟೈಮ್ ಸರಿ ಮಾಡಿದ್ರೆ ಅದು ನಿನ್ನ ಪಪ್ಪಾನ ವಾಚ್ ಹೇಗೆ ಆಗ್ತದೆ?” ಐರಿನ್ ವಾಚನ್ನು ತನ್ನ ಕಪ್ಪು ಚೀಲಕ್ಕೆ ಹಾಕಿ ಜಿಪ್ ಎಳೆದಳು.

ಇಸಿದೋರ್‌ನ ವಾಚು ಮೂವತ್ತು ವರ್ಷಗಳಿಂದ ಎರಡೂವರೆ ಗಂಟೆ ಮುಂದೆ ನಡೆಯುತ್ತಿತ್ತು. ಅದು ಮಲೇಷ್ಯಾದ ಸಮಯ. ಬೈಕಂಪಾಡಿಯಲ್ಲಿ ಖಾದ್ಯತೈಲದ ದೊಡ್ಡ ಟ್ಯಾಂಕುಗಳಿದ್ದ ಕಂಪನಿಯೊಂದರಲ್ಲಿ ಅವನ ಕೆಲಸ. ಅಲ್ಲಿಂದ ಹಡಗಿನಲ್ಲಿ ಬರುವ ತಾಳೆ ಎಣ್ಣೆಯನ್ನು ಯಾವಾಗ ಕೊಳ್ಳಬೇಕು, ಯಾವಾಗ ಸುಮ್ಮನಿರಬೇಕು ಎಂದು ಧಣಿಗೆ ಹೇಳುವುದು. ಪ್ರತಿ ತಿಂಗಳ ಹತ್ತನೇ ತಾರೀಕು ನಮ್ಮ ಬೆಳಿಗ್ಗೆ ಹತ್ತಕ್ಕೆ ಅಲ್ಲಿನ ವರದಿ ಬರುತ್ತದೆ, ಹಿಂದಿನ ತಿಂಗಳ ಕೊನೆಗೆ ಆ ದೇಶದಲ್ಲಿ ಎಷ್ಟು ಎಣ್ಣೆ ಉಳಿದಿದೆ ಎಂದು. ಅದಕ್ಕೆ ಮೊದಲೇ ಆ ಅಂಕಿಯನ್ನು ಊಹಿಸಬೇಕು. ತೋಟಗಳಲ್ಲಿ ಬಿದ್ದ ಮಳೆ, ಗೊನೆ ಕೊಯ್ಯುವವರ ರಜೆ, ಬಂದರು ಬಿಟ್ಟ ಹಡಗುಗಳು, ಇಷ್ಟರಿಂದ ಇಸಿದೋರ್ ಅದನ್ನು ತೆಗೆಯುತ್ತಿದ್ದ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ್ದವನು ತಾಳೆಮರದ ಒಂದು ತೋಟವನ್ನೂ ಕಣ್ಣಾರೆ ಕಂಡಿರಲಿಲ್ಲ.

ಬೋಳಾರದ ಆ ಮನೆಯಲ್ಲಿ ಹತ್ತನೇ ತಾರೀಕೆಂದರೆ ಗಂಡಸಿಲ್ಲದ ದಿನ. ಲವಿನಾ ಹುಟ್ಟಿದ್ದೂ ಒಂದು ಹತ್ತರಂದೇ. ಬೆಳಿಗ್ಗೆ ಹುಟ್ಟಿದ ಮಗುವನ್ನು ನೋಡಲು ಅಪ್ಪ ಬಂದದ್ದು ಸಂಜೆ, ರೇಟು ಬಿದ್ದ ಬೇಜಾರಿನಲ್ಲಿ. ಅದಕ್ಕೇ ಪಾದ್ರಿಗಳು ವಾಡಿಕೆಯಂತೆ ಸಂಜೆ ನಾಲ್ಕಕ್ಕೆ ಮರಣದ ಪೂಜೆ ಇಡುವ ಎಂದಾಗ ಐರಿನ್ ಒಪ್ಪಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೇ ಆಗಲಿ ಎಂದಳು. ಆಫೀಸಿನಿಂದ ಫೋನ್ ಬಂತು, ಸಂಜೆ ಆದರೆ ಸ್ಟಾಫ್‌ನವರೆಲ್ಲ ಬರಬಹುದು ಎಂದು. ಅವಳು ಜಗ್ಗಲಿಲ್ಲ. ಒಂದು ಹತ್ತನೇ ತಾರೀಕಿನ ಬೆಳಿಗ್ಗೆ ಹತ್ತು ಗಂಟೆಗಾದರೂ ಅವನು ತನ್ನ ಕಣ್ಣೆದುರು ಇರಬೇಕು. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ಅಂಗಳದ ಕುರ್ಚಿಗಳಲ್ಲಿ ಗಂಡಸರು ಮೆಲ್ಲಗೆ ಮಾತಾಡುತ್ತಿದ್ದರು. ಬಂದರಿನ ಸಗಟು ವ್ಯಾಪಾರಿ ಅಬ್ದುಲ್ ರಹ್ಮಾನ್ ಹೇಳುತ್ತಿದ್ದದ್ದು ಕಿಟಕಿಯಿಂದ ಒಳಗೆ ಕೇಳುತ್ತಿತ್ತು.

“ಇವರು ಒಮ್ಮೆ ಬೇಸಿಗೆಯಲ್ಲಿ ಕೊಡೆ ರಿಪೇರಿಗೆ ಅಂತ ನಮ್ಮ ಬೀದಿಗೆ ಬಂದದ್ದು ಮಾರಾಯ. ಇಸಿದೋರ್ ಕೊಡೆ ಹಿಡ್ಕೊಂಡು ಹೋದ, ಅಲ್ಲಿ ಜೋರು ಮಳೆ ಇರ್ಬೇಕು ಅಂತ ಸುದ್ದಿ ಆಯ್ತು. ಮಧ್ಯಾಹ್ನಕ್ಕೆ ಎಣ್ಣೆ ಡಬ್ಬಕ್ಕೆ ಇಪ್ಪತ್ತು ರೂಪಾಯಿ ಜಾಸ್ತಿ. ಕೊಡೆಯ ಕಡ್ಡಿ ತುಂಡಾದದ್ದು ಅಷ್ಟೇ.”

ಯಾರೋ ನಕ್ಕರು, ಶವದ ನೆನಪಾಗಿ ಕೆಮ್ಮಿದರು.

ಅಷ್ಟರಲ್ಲಿ ಕಂಪನಿಯ ಧಣಿ ಸರ್ವೋತ್ತಮ ಶೆಟ್ಟರ ಕಾರು ಗೇಟಿನೆದುರು ನಿಂತಿತು. ಶೆಟ್ಟರು ದೊಡ್ಡ ಹೂಚಕ್ರವನ್ನು ಕಾಲ ಬಳಿ ಇಟ್ಟು ಕೈಮುಗಿದರು, ಕಣ್ಣೊರೆಸಿಕೊಂಡರು. ಅದು ನಾಟಕವಲ್ಲ ಎಂದು ಐರಿನ್‌ಗೂ ತಿಳಿಯಿತು. ಆಮೇಲೆ ಅವಳ ಪಕ್ಕದ ಸ್ಟೂಲಿನಲ್ಲಿ ಕುಳಿತರು.

“ಟೀಚರ್, ನನ್ನ ಬಲಗೈ ಹೋದ ಹಾಗೆ ಆಯ್ತು. ಕೊನೆಗೆ ಮಾತಾಡ್ತಿದ್ರಾ?”

“ಸ್ವಲ್ಪ.”

“ಎಂತ ಹೇಳಿದ್ರು?”

ಮೊದಲಿಗೆ ಅವಳು ಅದನ್ನು ಸಂತಾಪದ ಪ್ರಶ್ನೆಯೆಂದೇ ತಿಳಿದಳು. ಶೆಟ್ಟರು ಗಡಿಯಾರ ನೋಡಿದರು, ದನಿ ತಗ್ಗಿಸಿದರು.

“ಬೇಜಾರು ಮಾಡ್ಬೇಡಿ. ಈ ತಿಂಗಳದ್ದು ಅವರು ಯಾರಿಗೂ ಹೇಳಲಿಲ್ಲ. ಎಲ್ಲರೂ ಒನ್ ನೈಂಟಿ ಸಿಕ್ಸ್ ಅಂತಿದ್ದಾರೆ. ಎಂತದಾದ್ರೂ ನಂಬರ್ ಬಾಯಿಗೆ ಬಂತಾ ಅಂತ.”

ಲಕ್ಷದ ಚುಕ್ಕಿ ಬಿಟ್ಟು ಹೇಳುವುದು ಅವರ ಆಫೀಸಿನ ರೂಢಿ. ಒನ್ ನೈಂಟಿ ಸಿಕ್ಸ್ ಎಂದರೆ ಹತ್ತೊಂಬತ್ತು ಲಕ್ಷ ಅರುವತ್ತು ಸಾವಿರ ಟನ್. ಇಷ್ಟು ವರ್ಷ ಊಟದ ಮೇಜಿನಲ್ಲಿ ಕೇಳಿ ಕೇಳಿ ಐರಿನ್‌ಗೂ ಅದು ಗೊತ್ತಿತ್ತು.

“ಒಂದು ಹಾಡು ಬೇಕು ಅಂತ ಕೇಳಿದ್ರು,” ಎಂದಳು.

“ಹಾಡಾ?”

“ಹೌದು, ನಮ್ಮ ಚರ್ಚಿನಲ್ಲಿ, ಇಗರ್ಜಿಯಲ್ಲಿ ಹಾಡುವಂಥದ್ದು. ಇವತ್ತು ಹಾಡ್ಲಿಕ್ಕೆ ಉಂಟು. ಕೇಳಿ.”

ಶೆಟ್ಟರು ತಲೆಯಾಡಿಸಿ ಎದ್ದುಹೋದರು.

*

ಶನಿವಾರ ಸಂಜೆ ಐ.ಸಿ.ಯು.ನಲ್ಲಿ ಅವಳನ್ನು ಹತ್ತು ನಿಮಿಷಕ್ಕೆ ಬಿಟ್ಟಿದ್ದರು. ಇಸಿದೋರ್ ಆಮ್ಲಜನಕದ ಮುಖವಾಡವನ್ನು ತಾನೇ ಸರಿಸಿದ.

“ಪಾವ್ಸ್ ಆಸಾ?” ಎಂದು ಕೇಳಿದ. ಮಳೆ ಉಂಟಾ?

ಡಿಸೆಂಬರಿನಲ್ಲಿ ಎಲ್ಲಿಯ ಮಳೆ, ಹೊರಗೆ ತಲೆ ಒಡೆಯುವ ಬಿಸಿಲು ಎಂದಳು ಐರಿನ್. ಅವನು ದಿಂಬಿನ ಮೇಲೆ ತಲೆಯನ್ನು ಆಚೀಚೆ ಹೊರಳಿಸಿದ.

“ಥಂಯ್,” ಎಂದ. ಅಲ್ಲಿ.

ಎಲ್ಲಿ ಎಂದು ಅವಳು ಕೇಳಲಿಲ್ಲ. ಅವನು ಅವಳ ಬೆರಳನ್ನು ಹಿಡಿದುಕೊಂಡ. ತುಟಿ ಬಹಳ ಹೊತ್ತು ಆಡಿತು. ಅಂಕಿಗಳನ್ನು ಅವನು ಇಂಗ್ಲಿಷಿನಲ್ಲೇ ಹೇಳುವುದು.

“ಒನ್ ಏಯ್ಟಿ ಸೆವೆನ್.”

ನರ್ಸ್ ಬಂದು ಮುಖವಾಡ ಸರಿಪಡಿಸಿದಳು. ಭಾನುವಾರ ಬೆಳಿಗ್ಗೆ ಅವನು ತೀರಿಕೊಂಡ.

ದೋಹಾದಿಂದ ಮಗಳು ಬರುವವರೆಗೆ ಎರಡು ದಿನ ಕಾಯಬೇಕಿತ್ತು. ಆ ಎರಡು ದಿನವೂ ಆ ಅಂಕಿ ಐರಿನ್‌ನ ಹಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡಿತು. ಸೋಮವಾರ ಮಧ್ಯಾಹ್ನ ಅವನ ಸೂಟು ಹುಡುಕುವಾಗ ದೇವರ ಪೀಠದ ಬಳಿ ಕೊಂಕಣಿ ಹಾಡುಗಳ ಪುಸ್ತಕ ಕಂಡಿತು. ಇಗರ್ಜಿಯ ಹಾಡುಗಳನ್ನು ಯಾರೂ ಹೆಸರು ಹಿಡಿದು ಹೇಳುವುದಿಲ್ಲ, ನಂಬರಿನಿಂದಲೇ ಕರೆಯುತ್ತಾರೆ. ಅವಳು ನಿಂತಲ್ಲೇ ಪುಟ ತಿರುವಿದಳು. ನೂರ ಎಂಬತ್ತೇಳು ಮೊಂತಿ ಹಬ್ಬದ ಹಾಡು. ಸೆಪ್ಟೆಂಬರಿನಲ್ಲಿ ಹೊಸ ತೆನೆ ಆಶೀರ್ವದಿಸುವ ದಿನ ಮಕ್ಕಳು ಮಾತೆಗೆ ಹೂವು ಹಾಕುತ್ತಾ ಹಾಡುವುದು.

ಐರಿನ್ ಪುಸ್ತಕ ಮುಚ್ಚಿ ಎದೆಗಿಟ್ಟುಕೊಂಡಳು. ಅಲ್ಲಿ ಎಂದರೆ ಇಗರ್ಜಿಯಲ್ಲಿ. ಹಾಗೇ ಇರಬೇಕು.

ಗಾಯನ ತಂಡದ ಅಲ್ಫೋನ್ಸ್‌ಗೆ ಫೋನ್ ಮಾಡಿದಳು. ಎಪ್ಪತ್ತು ದಾಟಿದ ಮನುಷ್ಯ, ಅವರ ಮದುವೆಯಲ್ಲೂ ಹಾಡಿದ್ದವನು.

“ನೂರ ಎಂಬತ್ತೇಳಾ? ಐರಿನ್, ಅದು ಮಕ್ಕಳ ಹಾಡು. ಮರಣಕ್ಕೆ ಅದನ್ನು ಹಾಡಿದ್ರೆ ಜನ ನನಗೆ ಮರುಳು ಅಂತಾರೆ.”

“ಅವನು ಕೇಳಿದ್ದು ಅದನ್ನೇ.”

ಅಲ್ಫೋನ್ಸ್ ಆ ರಾಗವನ್ನು ಒಮ್ಮೆ ಗುನುಗಿದ. “ಕೇಳಿದ್ರೆ ಹಾಡುವ. ಸ್ವಲ್ಪ ನಿಧಾನ ಮಾಡ್ತೇನೆ.”

*

ಆ ಹಾಡಿಗೆ ಅವಳ ಬಳಿ ಒಂದು ನೆನಪಿತ್ತು. ಆಗ ಲವಿನಾಗೆ ಆರು ವರ್ಷ. ಮೊಂತಿ ಹಬ್ಬ ಎಂಟನೇ ತಾರೀಕು ಬರುತ್ತದೆ, ವರದಿಗೆ ಎರಡು ದಿನ ಮೊದಲು, ಅವನು ಮನೆಯಲ್ಲಿದ್ದೂ ಇಲ್ಲದಂತಿರುವ ಹೊತ್ತು. ಆ ವರ್ಷ ಮಾತ್ರ ಮಗಳ ಕೈಹಿಡಿದು ಇಗರ್ಜಿಗೆ ಹೋದ. ಆಶೀರ್ವಾದದ ಒಂದು ತೆನೆಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ಅಡುಗೆಮನೆಯ ಮೆಟ್ಟಿಲಲ್ಲಿ ಕುಳಿತು, ಉಗುರಿನಿಂದ ಹೊಟ್ಟು ಸುಲಿದು ಎಳೆಯ ಅಕ್ಕಿಯನ್ನು ಹಾಲಿಗೆ ಹಾಕಿದ. ಬಾಯಲ್ಲಿ ಅದೇ ಹಾಡು. ಮೊದಲು ತನ್ನ ತಾಯಿಗೆ ಕೊಟ್ಟ, ಆಮೇಲೆ ಐರಿನ್‌ಗೆ. ಚಮಚದ ತುದಿಯಲ್ಲಿದ್ದ ಕಾಳು ತೋರಿಸಿ, “ಈ ಬೆಳೆಯ ಅಂದಾಜು ಯಾರೂ ಮಾಡ್ಲಿಲ್ಲ ನೋಡು,” ಎಂದು ನಕ್ಕ.

ಅವತ್ತೇ ಅವಳು ಕೇಳಿದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಿಗೆ ಅದೊಂದು ಕುತೂಹಲ. ಅಲ್ಲಿ ಮಳೆ ಬಂದರೆ ಇಲ್ಲಿ ಎಣ್ಣೆಯ ರೇಟು ಏರುವುದಾ, ಇಳಿಯುವುದಾ?

“ಮಳೆಯಿಂದ ಎಂತದೂ ಆಗುದಿಲ್ಲ,” ಎಂದಿದ್ದ ಇಸಿದೋರ್. “ನೆರೆ ಬಂತು, ಗೊನೆ ಕೊಯ್ಲಿಕ್ಕೆ ಆಗ್ಲಿಲ್ಲ, ದಾಸ್ತಾನು ಕಡಿಮೆ. ಸರಿ. ಆದ್ರೆ ಅದು ಎಲ್ಲರಿಗೂ ಮೊದಲೇ ಗೊತ್ತಿದ್ರೆ ರೇಟು ಅಲ್ಲೇ ನಿಲ್ತದೆ. ನಾವು ಎಣಿಸಿದ್ದು ಒಂದು, ಬಂದದ್ದು ಇನ್ನೊಂದು ಅಂತ ಆದ್ರೆ ಮಾತ್ರ ಹಾರುದು, ಇಲ್ಲವಾ ಬೀಳುದು. ಎಣಿಸಿದ್ದೇ ಬಂದ್ರೆ ಮಾರ್ಕೆಟ್ ಕದಲುದಿಲ್ಲ.”

ಹೀಗೆ ಅವನು ಅಲ್ಲಿನ ಸಬಾದ ಮಳೆ, ಜೊಹೋರಿನ ಮಳೆ, ಸರವಾಕಿನ ಮಳೆ ಎಲ್ಲವನ್ನೂ ಬಲ್ಲ. ಅಂಗಳದಲ್ಲಿ ಒಣಹಾಕಿದ ಬಟ್ಟೆ ಅವನ ಕಣ್ಣೆದುರೇ ತೊಯ್ದು ತೊಪ್ಪೆಯಾಗುತ್ತಿದ್ದರೂ ಕಂಪ್ಯೂಟರಿನಿಂದ ತಲೆ ಎತ್ತುತ್ತಿರಲಿಲ್ಲ. ಮಾಡು ಸೋರುತ್ತದೆ ಎಂದು ನಾಲ್ಕು ಮಳೆಗಾಲ ಹೇಳಿ, ಐದನೆಯದಕ್ಕೆ ಐರಿನ್ ತಾನೇ ಆಳು ಕರೆಸಿ ಹೆಂಚು ಬದಲಾಯಿಸಿದಳು. ಆ ಶಬ್ದಕ್ಕೂ ಅವನು, ಬಾಗಿಲು ಹಾಕು ಎಂದಷ್ಟೇ ಅಂದ.

*

ಇಗರ್ಜಿಯಲ್ಲಿ ಪೀಠದ ಎಡಕ್ಕೆ ಕಪ್ಪು ಮರದ ಹಲಗೆ. ಅಂದಿನ ಹಾಡುಗಳ ನಂಬರನ್ನು ಬಿಳಿ ಬಿಲ್ಲೆಗಳಲ್ಲಿ ತೂಗುಹಾಕುವುದು ಅಲ್ಲಿನ ಕ್ರಮ. ಐರಿನ್ ಮೊದಲ ಬೆಂಚಿನಲ್ಲಿ ಕುಳಿತು ಹಲಗೆ ನೋಡಿದಳು. ಮೂರನೆಯ ಸಾಲಿನಲ್ಲಿ ೧೮೭. ಅವಳಿಗೆ ಸಮಾಧಾನವಾಯಿತು.

ಶೆಟ್ಟರನ್ನು ಗೌರವಕ್ಕೆಂದು ಪಕ್ಕದ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರಿಸಿದ್ದರು. ಅವರು ಎಲ್ಲರೂ ಎದ್ದಾಗ ಎದ್ದರು, ಕುಳಿತಾಗ ಕುಳಿತರು. ಪಾದ್ರಿಗಳು ಸುವಾರ್ತೆ ಓದಿ ಪ್ರವಚನಕ್ಕೆ ತೊಡಗಿದಾಗ ಅವರ ಕಣ್ಣು ಸುಮ್ಮನೆ ಗೋಡೆಯ ಮೇಲೆ ಹರಿದು ಹಲಗೆಗೆ ಬಂದು ನಿಂತಿತು. ಹಲಗೆಯಿಂದ ಐರಿನ್‌ನ ಕಡೆಗೆ. ಮತ್ತೆ ಹಲಗೆಗೆ. ಮರುಕ್ಷಣ ಶೆಟ್ಟರು ಪಕ್ಕದ ಬಾಗಿಲಿನಿಂದ ಹೊರಗಿದ್ದರು.

ತೆರೆದ ಬಾಗಿಲಲ್ಲಿ ಬಾದಾಮಿ ಮರ, ಅದರಡಿ ಶೆಟ್ಟರು. ಫೋನ್ ಕಿವಿಯಲ್ಲಿ, ಇನ್ನೊಂದು ಕೈ ಬಾಯಿಗೆ ಮರೆ. ದನಿ ಕೇಳಿಸುತ್ತಿರಲಿಲ್ಲ. ಆದರೆ ಗಾಳಿಯಲ್ಲಿ ಬೆರಳು ಕುಕ್ಕಿದ ರೀತಿ ಅವಳಿಗೆ ಗೊತ್ತಿತ್ತು. ಇಸಿದೋರ್ ಮನೆಯಿಂದ ಫೋನಿನಲ್ಲಿ ‘ತಕೊಳ್ಳಿ, ತಕೊಳ್ಳಿ’ ಎನ್ನುವಾಗ ಕುಕ್ಕುತ್ತಿದ್ದದ್ದೂ ಹಾಗೆಯೇ.

ಎದ್ದು ಹೋಗಿ ಅದು ಹಾಡು, ಅಂಕಿಯಲ್ಲ ಎಂದು ಹೇಳಬೇಕೆನಿಸಿತು. ಹೇಳಬೇಕಾದದ್ದು ಶೆಟ್ಟರಿಗೋ, ತನಗೋ ಎಂಬ ಯೋಚನೆ ಬಂದು ಕಾಲು ಏಳಲಿಲ್ಲ. ಅವರು ತಪ್ಪಬೇಕು. ಟ್ಯಾಂಕುಗಟ್ಟಲೆ ಕೊಂಡು ಮುಳುಗಬೇಕು. ಹಾಗಾದರೆ ಅವನ ಕೊನೆಯ ಮಾತು ತನ್ನದು. ಶವದೆದುರು ಕುಳಿತು ಹೀಗೆ ಬಯಸುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯೂ ಆಗಲಿಲ್ಲ.

ಅಲ್ಫೋನ್ಸ್ ಹಾಡು ಎತ್ತಿದ. ಮಕ್ಕಳು ಹೂವೆರಚುತ್ತಾ ಕುಣಿಯುವ ರಾಗವನ್ನು ಅವನು ಶವದ ನಡಿಗೆಗೆ ಇಳಿಸಿದ್ದ. ಹಿಂದಿನ ಬೆಂಚುಗಳಲ್ಲಿ ತಲೆಗಳು ತಿರುಗಿದವು. “ಇದು ಮೊಂತಿದ್ದಲ್ವಾ?” ಎಂದು ಒಬ್ಬಳು ಪಿಸುಗುಟ್ಟಿದ್ದು ಕೇಳಿಸಿತು. ಆದರೂ ಜನ ದನಿ ಸೇರಿಸಿದರು. ಎರಡನೆಯ ಚರಣಕ್ಕೆ ಐರಿನ್ ಕೂಡ ಹಾಡತೊಡಗಿದಳು. ಮೂರು ದಿನದಲ್ಲಿ ಮೊದಲ ಬಾರಿಗೆ ಅವಳು ಅತ್ತಳು. ಮೆಟ್ಟಿಲು, ಹಾಲು, ಉಗುರಿಗೆ ಅಂಟಿದ ಹಸಿರು ಹೊಟ್ಟು. ಲವಿನಾ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಹಾಡಿನ ನಡುವೆ ಎಲ್ಲೋ ಬೆಂಚಿನ ಹಲಗೆಯ ಮೇಲೆ ಒಂದು ಫೋನು ಗುರುಗುಟ್ಟಿತು. ಆಮೇಲೆ ಇನ್ನೊಂದು. ಆಫೀಸಿನವರು ಕುಳಿತ ಕಡೆಯಿಂದ ಮತ್ತೆ ಮೂರು ನಾಲ್ಕು, ಒಂದರ ಹಿಂದೆ ಒಂದು. ಹತ್ತು ಗಂಟೆ.

*

ಸ್ಮಶಾನ ಇಗರ್ಜಿಯ ಹಿಂಬದಿಯಲ್ಲೇ. ಪೆಟ್ಟಿಗೆ ಇಳಿಯಿತು. ಐರಿನ್ ಹಿಡಿ ಮಣ್ಣು ಹಾಕಿದಳು. ಜನ ಸಾಲಾಗಿ ಬಂದು ಕೈ ಹಿಡಿದು ಹೋದರು. ಅಬ್ದುಲ್ ರಹ್ಮಾನ್ ತಲೆ ತಗ್ಗಿಸಿ ಹೋದ. ಕೊನೆಗೆ ಶೆಟ್ಟರು ಬಂದರು. ಅವರ ಕಣ್ಣು ಈಗಲೂ ಒದ್ದೆಯಾಗಿತ್ತು. ಮುಖದಲ್ಲಿ ಮಾತ್ರ ಬೆಳಿಗ್ಗೆ ಇರದ ಹೊಳಪು.

“ಟೀಚರ್, ನಿಮ್ಮ ಉಪಕಾರ ಮರೆಯುದಿಲ್ಲ. ಬಾಯಿಬಿಟ್ಟು ಹೇಳ್ಲಿಕ್ಕೆ ಆಗುದಿಲ್ಲ ಅಂತ ಬೋರ್ಡಿನಲ್ಲಿ ಹಾಕಿಸಿದ್ದಲ್ವಾ? ನನಗೆ ಅರ್ಥ ಆಯ್ತು.”

ಐರಿನ್ ಗುಂಡಿಯ ಕಡೆ ನೋಡಿದಳು.

“ಎಂತಹ ಮನುಷ್ಯ. ಸಾಯುವಾಗ ಸಹ ಆಫೀಸ್ ಬಿಡ್ಲಿಲ್ಲ. ಮಾರ್ಕೆಟ್ ಇಡೀ ತಪ್ಪಿತು, ನಮ್ಮ ಇಸಿದೋರ್ ಪೊರ್ಬು ತಪ್ಪಲಿಲ್ಲ. ನೋಡಿ, ಒಂದು ಟನ್ ಆಚೀಚೆ ಇಲ್ಲ.” ಅವರು ಫೋನನ್ನು ಅವಳ ಮುಖದ ಹತ್ತಿರ ಹಿಡಿದರು.

ಲವಿನಾ ತಾಯಿಯ ಮುಖವನ್ನೇ ನೋಡಿದಳು. ಅದು ಕದಲಲಿಲ್ಲ.

ಐರಿನ್ ಮಣ್ಣಾದ ಕೈಯಿಂದಲೇ ಚೀಲದ ಜಿಪ್ ಎಳೆದು ವಾಚನ್ನು ತೆಗೆದಳು. ಶೆಟ್ಟರ ಖಾಲಿ ಅಂಗೈಯಲ್ಲಿ ಇಟ್ಟಳು.

“ಇದು ನಿಮ್ಮದು,” ಎಂದಳು. “ಆಫೀಸಿನದ್ದು. ಮನೆಯಲ್ಲಿ ಇದರ ಟೈಮ್ ಯಾರಿಗೂ ಆಗುದಿಲ್ಲ.”

ನೆನಪಿಗೆಂದು ಕೊಟ್ಟದ್ದೆಂದು ತಿಳಿದು ಶೆಟ್ಟರು ವಾಚನ್ನು ಕಣ್ಣಿಗೊತ್ತಿಕೊಂಡರು. ಅವಳು ಮಗಳ ತೋಳು ಹಿಡಿದು ಗೇಟಿನ ಕಡೆ ನಡೆದಳು. ಹಿಂದೆ ಗುದ್ದಲಿಯ ಸದ್ದು ಸುರುವಾಯಿತು. ಶೆಟ್ಟರು ಗುಂಡಿಯ ಅಂಚಿನಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಎರಡೂವರೆ ಗಂಟೆ ಮುಂದಿದ್ದ ವಾಚು, ಇನ್ನೊಂದರಲ್ಲಿ ಇನ್ನೂ ಆರದ ಫೋನು. ನವೆಂಬರ್ ಕೊನೆಯ ದಾಸ್ತಾನು ಹದಿನೆಂಟು ಲಕ್ಷ ಎಪ್ಪತ್ತು ಸಾವಿರ ಟನ್.